ತಾನಪ್ಪ ಕೊಡದೆ ಇಟ್ಟುಕೊಂಡ ಕಾರ್ಡು

ಮೊನ್ನೆ ರಾತ್ರಿ ನಿದ್ದೆ ಬರದೆ ಸುಮ್ನೆ ಫೋನ್ ತಿರುವುತ್ತಿದ್ದಾಗ ಶಂಕರ್‌ನಾಗ್ ನಿರ್ದೇಶಿಸಿದ ಹಳೇ ಧಾರಾವಾಹಿ 'ಮಾಲ್ಗುಡಿ ಡೇಸ್' ಸಿಕ್ಕಿತು. ಸ್ವಾಮಿಯ ಕಂತುಗಳನ್ನು ಎಲ್ಲರೂ ನೆನೆಸಿಕೊಳ್ಳುತ್ತಾರೆ. ಮಾಸ್ಟರ್ ಮಂಜುನಾಥ್ ಮುಖ ಕಂಡರೆ ನಮಗೆಲ್ಲ ಹಾಗೇ ಅಲ್ವಾ. ಆದರೆ ನಾನು ಹುಡುಕಿ ನೋಡಿದ್ದು ಪೋಸ್ಟ್‌ಮ್ಯಾನ್ ತಾನಪ್ಪನ ಕಂತು, 'ದಿ ಮಿಸ್ಸಿಂಗ್ ಮೇಲ್'.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ತಾನಪ್ಪ ಕಾಗದ ಕೊಟ್ಟು ಹೋಗುವ ಪೈಕಿ ಅಲ್ಲ. ಪ್ರತಿ ಮನೆಯಲ್ಲೂ ನಿಂತು, ಕಷ್ಟಸುಖ ಕೇಳಿ, ಸಲಹೆ ಕೊಟ್ಟು ಮುಂದೆ ಹೋಗುವವನು. ರಾಮಾನುಜಂ ಮಗಳು ಕಾಮಾಕ್ಷಿಯ ಮದುವೆ ಕೂಡಿಬರಲು ಅವನೂ ಓಡಾಡಿರುತ್ತಾನೆ. ಮುಹೂರ್ತ ಮೇ 20. ಆ ದಿನ ತಪ್ಪಿದರೆ ಹುಡುಗ ಟ್ರೈನಿಂಗ್‌ಗೆ ಹೊರಟುಬಿಡುತ್ತಾನೆ, ಆಮೇಲೆ ವರ್ಷಗಟ್ಟಲೆ ಕಾಯಬೇಕು. ಮದುವೆಯ ಹಿಂದಿನ ದಿನ ಸೇಲಂನಿಂದ ಒಂದು ಕಾರ್ಡು ಬರುತ್ತದೆ: ಮನೆಯ ಹಿರಿಯರಿಗೆ ತುಂಬಾ ಸೀರಿಯಸ್. ಮರುದಿನ ತಂತಿ: ಹೋಗಿಬಿಟ್ಟರು. ಎರಡನ್ನೂ ತಾನಪ್ಪ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಾನೆ. ಎಲ್ಲ ಮುಗಿದ ಮೇಲೆ ತಂದುಕೊಟ್ಟು, ಬೇಕಿದ್ದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಅನ್ನುತ್ತಾನೆ.

ನಮ್ಮಲ್ಲಿ ಸೂತಕ ಹಿಡಿಯುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಬೀಳುವವರೆಗೆ ಏನೂ ಇಲ್ಲ. ತಾನಪ್ಪ ಶಾಸ್ತ್ರ ಮುರಿಯಲಿಲ್ಲ, ಶಾಸ್ತ್ರದೊಳಗೇ ಒಂದು ಸಂದಿ ಹುಡುಕಿದ. ಮುರಿದದ್ದು ಅಂಚೆ ಇಲಾಖೆಯ ನಿಯಮವನ್ನು ಮಾತ್ರ.

ದೂರದರ್ಶನದಲ್ಲಿ ಇದು ಬಂದಾಗ, 1987ರ ಆಸುಪಾಸು, ನಾವೆಲ್ಲ ಪಕ್ಕದ ಮನೆ ಜಗಲಿಯಲ್ಲಿ ಕೂತು ನೋಡಿದ್ದೆವು. ಆಗ ನನಗೆ ತಾನಪ್ಪ ದೇವರಂಥ ಮನುಷ್ಯ. ಸುಮಾರು ಹತ್ತು ವರ್ಷ ಹಾಗೇ ಇದ್ದ.

ಆಮೇಲೆ ನಾನು ಧಾರವಾಡದ ಹಾಸ್ಟೆಲಿನಲ್ಲಿದ್ದೆ. ಫೈನಲ್ ಪರೀಕ್ಷೆ ಶುರುವಾಗಿತ್ತು. ಒಂದು ಬುಧವಾರ ಅಜ್ಜನ ಕಾರ್ಡು ಬಂತು. ಅಕ್ಷರ ಸಾಲು ಬಿಟ್ಟು ಕೆಳಗಿಳಿದಿತ್ತು. 'ಪರೀಕ್ಷೆ ಮುಗಿಸಿ ಬಾ. ಬರುವಾಗ ನಸ್ಯ ತಾ. ಹೋದ ಸಲದ್ದು ಬರೀ ಬೂದಿ.' ರೂಮಿನವರಿಗೆಲ್ಲ ಓದಿ ಹೇಳಿ ನಕ್ಕಿದ್ದೆ. ಅಜ್ಜ ಸೋಮವಾರವೇ ಹೋಗಿಯಾಗಿತ್ತು. ಹಾಸ್ಟೆಲಿನಲ್ಲಿ ಫೋನ್ ಇತ್ತು. ಯಾರೂ ಮಾಡಲಿಲ್ಲ.

ಊರಿಗೆ ಹೋದಾಗ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಜಗಲಿಯಲ್ಲಿ ಅಜ್ಜನ ಎಲೆಅಡಿಕೆ ಕುಟ್ಟಾಣಿಯನ್ನು ತೊಳೆದು ಬೋರಲು ಹಾಕಿದ್ದರು. ಅದನ್ನು ತೊಳೆದದ್ದನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಅಮ್ಮ ಬಾಯಿ ಬಿಡುವ ಮೊದಲೇ ಗೊತ್ತಾಯಿತು. 'ಪರೀಕ್ಷೆ ಇತ್ತಲ್ವಾ' ಅಂದರು, ಅಷ್ಟೇ. ಬ್ಯಾಗಿನಲ್ಲಿ ನಸ್ಯದ ಡಬ್ಬಿ ಇತ್ತು.

ಪರೀಕ್ಷೆ ಪಾಸಾಯಿತು. ಒಳ್ಳೇ ಮಾರ್ಕ್ಸೇ ಬಂತು. ಜಗಳ ಆಡೋಣ ಅಂದರೆ ಅದಕ್ಕೂ ದಾರಿ ಇರಲಿಲ್ಲ.

ಹಾಗಾಗಿ ಈ ಸಲ ನಾನು ತಾನಪ್ಪನಿಗಿಂತ ಜಾಸ್ತಿ ರಾಮಾನುಜಂನನ್ನು ನೋಡಿದೆ. ಅವನು ಕೂಗಾಡುವುದಿಲ್ಲ. ಕೈ ಮುಗಿಯುವುದೂ ಇಲ್ಲ. ದೂರು ಕೊಡಲ್ಲ, ಆದರೆ ನೀನು ಹೀಗೆ ಮಾಡಬಾರದಿತ್ತು ಅನ್ನುತ್ತಾನೆ. ಉಪಕಾರವನ್ನೂ ನೋವನ್ನೂ ಒಂದೇ ಕೈಯಿಂದ ಇಸಕೊಂಡವನು ಇನ್ನೇನು ಹೇಳಿಯಾನು? ಸೇಲಂನಲ್ಲಿ ಮಲಗಿದ್ದವರು ಬಾಗಿಲ ಕಡೆ ನೋಡಿರಬಹುದು, ಅವರ ಪರವಾಗಿ ಕೇಳುವವರು ಆ ಬೀದಿಯಲ್ಲಿ ಒಬ್ಬರೂ ಇಲ್ಲ. ಈ ಕಂತು ತಾನಪ್ಪನನ್ನು ಹೊಗಳುವ ಕಥೆ ಅಂತ ನಾನು ಅಷ್ಟು ವರ್ಷ ತಪ್ಪು ತಿಳಿದಿದ್ದೆ. ತೀರ್ಪು ಅದು ಕೊಡುವುದೇ ಇಲ್ಲ. ಇದನ್ನು ತೆಗೆಯುವಾಗ ಶಂಕರ್‌ನಾಗ್‌ಗೆ 31-32 ವಯಸ್ಸು. ಆ ವಯಸ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತೋ. ಈಗಿನ ಸೀರಿಯಲ್ ಆಗಿದ್ದರೆ ರಾಮಾನುಜಂ ಮುಖವನ್ನು ಮೂರು ಸಲ ಜೂಮ್ ಮಾಡಿ, ಸಿಡಿಲು ಬಡಿಸಿ, ಉಳಿದದ್ದು ನಾಳೆಗೆ ಅನ್ನುತ್ತಿದ್ದರು.

ಅಮ್ಮನಿಗೂ ನಿದ್ದೆ ಬಂದಿರಲಿಲ್ಲ. ಸದ್ದು ಕೇಳಿ ಪಕ್ಕದಲ್ಲಿ ಬಂದು ಕೂತಿದ್ದರು. ಮುಗಿದ ಮೇಲೆ 'ಅವನು ಮಾಡಿದ್ದು ಸರಿ' ಅಂದರು. ನಾನು ಮಾತಾಡಲಿಲ್ಲ. ಎದ್ದು ಹೋಗಿ ನೀರು ಕುಡಿದು ಬಂದರು. ಲೈಟ್ ಆರಿಸುವ ಮುಂಚೆ ಕೇಳಿದರು: 'ಅಜ್ಜನ ಆ ಕಾರ್ಡು ಇನ್ನೂ ಇದ್ಯಾ?'