ಎಕ್ಸ್‌ಎಲ್ ದಾಟಿದರೆ ಹಿಮ ಬೀಳುವುದಿಲ್ಲ

ಹವಾಮಾನ ಇಲಾಖೆಯವರಿಗೂ ಗೊತ್ತಿಲ್ಲದ ಒಂದು ಸತ್ಯವನ್ನು ಸ್ಕೀ ಜಾಕೆಟ್ ಕಂಪನಿಗಳು ಕಂಡುಹಿಡಿದಿವೆ. ಸೊಂಟದ ಸುತ್ತಳತೆ 36 ಇಂಚು ದಾಟಿದ ಹೆಂಗಸರ ಮೇಲೆ ಹಿಮ ಬೀಳುವುದಿಲ್ಲ. ಬಿದ್ದರೂ ಕರಗುವುದಿಲ್ಲ. ಕರಗಿದರೂ ಒದ್ದೆ ಮಾಡುವುದಿಲ್ಲ. ಬೆಟ್ಟದ ಗಾಳಿ ಕೂಡ ಅವರನ್ನು ಕಂಡರೆ ಮರ್ಯಾದೆಯಿಂದ ಪಕ್ಕಕ್ಕೆ ಸರಿದು ಹೋಗುತ್ತದೆ.

ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಜಾಹೀರಾತಿನಲ್ಲಿ ಬೆಟ್ಟ ಎಲ್ಲರಿಗೂ ಸೇರಿದ್ದು ಅಂತಲೇ ಇರುತ್ತದೆ. ಸತ್ಯ ಇರುವುದು ಅಳತೆ ಪಟ್ಟಿಯಲ್ಲಿ. ಅಮೆರಿಕದ ಯಾವುದಾದರೂ ದೊಡ್ಡ ಆನ್‌ಲೈನ್ ಅಂಗಡಿಗೆ ಹೋಗಿ ನೋಡಿ. ಹೆಂಗಸರು ಅಂತ ಒತ್ತಿ, ಸ್ಕೀ ಜಾಕೆಟ್ ಅಂತ ಒತ್ತಿ. ಜಾತ್ರೆಯ ಹಾಗೆ ಸಾಲುಸಾಲು ಬಂದು ನಿಲ್ಲುತ್ತವೆ. ಈಗ ಸೈಜ್ ಇರುವ ಕಡೆ 3ಎಕ್ಸ್ ಒತ್ತಿ. ಜಾತ್ರೆ ಕರಗಿ ನಾಲ್ಕಾರು ಜನ ಉಳಿಯುತ್ತಾರೆ. ಇನ್ನು ಸ್ವಲ್ಪ ಧೈರ್ಯ ಮಾಡಿ, ನೀರು ತಡೆಯುವ ಶಕ್ತಿ 20,000 ಅಂತ ಒತ್ತಿ. ಪರದೆ ಬೆಳ್ಳಗಾಗುತ್ತದೆ. ಹೊಸದಾಗಿ ಹಿಮ ಬಿದ್ದ ಬೆಟ್ಟ ಇಷ್ಟು ಬಿಳಿ ಇರುವುದಿಲ್ಲ. ಏನೂ ಸಿಗಲಿಲ್ಲ, ಇವು ನಿಮಗೆ ಇಷ್ಟವಾಗಬಹುದು ಅಂತ ಕೆಳಗೆ ಒಂದು ಮಫ್ಲರ್ ತೋರಿಸುತ್ತಾರೆ. ಮಫ್ಲರ್‌ಗೆ ಸೈಜ್ ಇಲ್ಲ ನೋಡಿ.

ಇದೇನೋ ಲಕ್ಷಕ್ಕೊಬ್ಬರ ಗೋಳು ಅಂದುಕೊಳ್ಳಬೇಡಿ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಟೇಪು ಹಿಡಿದು ಅಳೆದ ಪ್ರಕಾರ ಅಲ್ಲಿನ ಹೆಂಗಸರ ಸರಾಸರಿ ಸೊಂಟ 38 ಇಂಚಿಗಿಂತ ಜಾಸ್ತಿ. ಸರಾಸರಿ ಬಟ್ಟೆ ಸೈಜ್ 16ರಿಂದ 18 ಅಂತ 2016ರ ಒಂದು ಅಧ್ಯಯನ ಹೇಳಿತು. ಎಷ್ಟೋ ಸ್ಕೀ ಬ್ರ್ಯಾಂಡ್‌ಗಳ ಪಟ್ಟಿಯಲ್ಲಿ ಎಕ್ಸ್‌ಎಲ್ ಅಂದರೆ 35-36 ಇಂಚು. ಅಂದರೆ ಇವರ ಎಲ್ಲಕ್ಕಿಂತ ದೊಡ್ಡ ಜಾಕೆಟ್ಟು ಊರಿನ ಸಾಧಾರಣ ಹೆಂಗಸಿಗೇ ಆಗುವುದಿಲ್ಲ. ಸರಾಸರಿ ಹೆಂಗಸು ಪಟ್ಟಿಯ ಹೊರಗೆ. ಅವಳಿಗಿಂತ ನಾಲ್ಕಿಂಚು ಮುಂದಿರುವ ನಾನು ಬಹುಶಃ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ.

ಇಂಥ ನೀರು ತಡೆಯುವ ‘ಟೆಕ್ನಿಕಲ್’ ಜಾಕೆಟ್ ಅಂದರೆ ಏನು ಅಂತ ಬೆಂಗಳೂರಿನಲ್ಲಿ ಕೂತು ಓದುವವರಿಗೆ ಹೇಳಿಬಿಡುತ್ತೇನೆ. ಅದು ಸ್ವೆಟರ್‌ನ ಅಣ್ಣ ಅಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸುತ್ತಾ ಹೋದರೆ ಎಷ್ಟು ಎತ್ತರದಲ್ಲಿ ಸೋರಲು ಶುರುವಾಗುತ್ತದೆ ಅಂತ ಅಳೆಯುತ್ತಾರೆ. 20,000 ಮಿಲಿಮೀಟರ್ ಅಂದರೆ 20 ಮೀಟರ್ ನೀರು. ಹೊರಗಿನ ನೀರು ಒಳಗೆ ಬರಬಾರದು, ಒಳಗಿನ ಬೆವರು ಮಾತ್ರ ಆವಿಯಾಗಿ ಹೊರಗೆ ಹೋಗಬೇಕು. ಈ ಜಾದೂ ಮಾಡುವ ಪದರಗಳಲ್ಲಿ ಹೆಸರುವಾಸಿ ಗೋರ್‌ಟೆಕ್ಸ್. ಅದು ಹುಟ್ಟಿದ ಕಥೆ ಚೆನ್ನಾಗಿದೆ. ತವೆಗೆ ಬಳಿಯುತ್ತಾರಲ್ಲ ಟೆಫ್ಲಾನ್, ಅದೇ ವಸ್ತುವಿನ ಬಿಸಿ ಸರಳನ್ನು ಬಾಬ್ ಗೋರ್ ಎಂಬವರು 1969ರಲ್ಲಿ ನಿಧಾನವಾಗಿ ಎಳೆದೂ ಎಳೆದೂ ಬೇಸತ್ತಿದ್ದರು. ಕೊನೆಗೆ ತಾಳ್ಮೆ ಕೆಟ್ಟು ಒಮ್ಮೆಲೇ ಜಗ್ಗಿದರು. ಮುರಿಯಬೇಕಿದ್ದ ಸರಳು ಶೇಕಡಾ 800ರಷ್ಟು ಹಿಗ್ಗಿತು, ಮೈತುಂಬಾ ಕಣ್ಣಿಗೆ ಕಾಣದ ರಂಧ್ರಗಳು ಬಂದವು. ಹಿಗ್ಗುವುದರಿಂದಲೇ ಹುಟ್ಟಿದ ಪದರ ಇದು. ಶೇಕಡಾ 800 ಹಿಗ್ಗಿದ್ದು ಇನ್ನೊಂದು ನಾಲ್ಕಿಂಚು ಹಿಗ್ಗುವುದಿಲ್ಲವಂತೆ, ಪಾಪ.

ಇದೆಲ್ಲ ಯಾಕೆ ಬೇಕು ಅಂದರೆ, ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಸ್ಕೀ ಅಂದರೆ ಟಾಹೋ ಸರೋವರದ ಸುತ್ತಲಿನ ಬೆಟ್ಟಗಳು. ಬೇ ಏರಿಯಾದ ಕನ್ನಡಿಗರು ಕೂಲರ್‌ನಲ್ಲಿ ಪುಳಿಯೋಗರೆ, ಮೊಸರನ್ನ ತುಂಬಿಕೊಂಡು, ಟೈರಿಗೆ ಚೈನ್ ಕಟ್ಟಿಕೊಂಡು ಏರುವುದು ಅಲ್ಲಿಗೇ. ಅಲ್ಲಿನ ಹಿಮ ಸಿನಿಮಾದಲ್ಲಿ ಹೀರೋಯಿನ್ ಊದಿ ಹಾರಿಸುವ ಹತ್ತಿಯಂಥ ಹಿಮ ಅಲ್ಲ. ಪೆಸಿಫಿಕ್ ಸಾಗರದ ತೇವ ಹೊತ್ತು ಬರುವ ಮೋಡ, ನೀರು ತುಂಬಿದ ಭಾರದ ಹಿಮ. ಆ ಬೆಟ್ಟಸಾಲಿನ ಹೆಸರು ಸೇರಿಸಿ ಸ್ಥಳೀಯರು ಅದನ್ನು ‘ಸಿಯೆರಾ ಸಿಮೆಂಟ್’ ಅಂತಲೇ ಕರೆಯುತ್ತಾರೆ. ಅದರಲ್ಲಿ ಒಮ್ಮೆ ಬಿದ್ದರೆ ಸಾಕು, ಸಾದಾ ಜಾಕೆಟ್ಟಿನೊಳಗಿನ ಹತ್ತಿ ಬನಿಯನ್ನು ಹಿಂಡಿದರೆ ಒಂದು ಲೋಟ ನೀರು ಬರುತ್ತದೆ.

ಹೀಗಿರುವಾಗ ದೊಡ್ಡ ಸೈಜಿನವರಿಗೆ ಕೊಡುವುದು ಏನು? ರಜಾಯಿ. ತೋಳು ಇಟ್ಟು ಹೊಲಿದ ರಜಾಯಿ. ಬಣ್ಣ ಎರಡು: ಕಪ್ಪು, ಅಥವಾ ಬದನೆಕಾಯಿ. ಕಪ್ಪು ಹಾಕಿದರೆ ಸಣ್ಣಗೆ ಕಾಣುತ್ತೀರಿ ಅಂತ ಅವರ ಕಾಳಜಿ. ಹಿಮಬಿರುಗಾಳಿಯಲ್ಲಿ ಎದುರಿನಿಂದ ಬರುವವನಿಗೆ ನಾನು ಕಾಣಿಸಬೇಕೋ, ಸಣ್ಣಗೆ ಕಾಣಿಸಬೇಕೋ ಅಂತ ಯಾರೂ ಕೇಳಲಿಲ್ಲ.

ಬಿಟ್ಟುಬಿಡುವ ಭಾಗಗಳ ಆಯ್ಕೆಯಲ್ಲೂ ಒಂದು ಪಾಂಡಿತ್ಯವಿದೆ. ಕಂಕುಳಡಿ ಒಂದು ಉದ್ದ ಜಿಪ್ ಇರುತ್ತದೆ, ಸೆಖೆ ಆದಾಗ ತೆರೆದು ಗಾಳಿ ಬಿಟ್ಟುಕೊಳ್ಳಲು. ಮೈಕೈ ತುಂಬಿಕೊಂಡವರಿಗೆ ಬೇಗ ಬೆವರುತ್ತದೆ, ಅವರಿಗೆ ಅದು ಮೊದಲು ಬೇಕು. ಆದ್ದರಿಂದ ಅವರ ಜಾಕೆಟ್ಟಿನಲ್ಲಿ ಅದೇ ಇರುವುದಿಲ್ಲ. ಸೊಂಟದ ಒಳಗಡೆ ಲಂಗದ ಹಾಗೆ ಎಲಾಸ್ಟಿಕ್ ಪಟ್ಟಿ ಇರುತ್ತದೆ, ಬಿದ್ದಾಗ ಹಿಮ ಕೆಳಗಿನಿಂದ ಬೆನ್ನಿಗೆ ನುಗ್ಗದಿರಲಿ ಅಂತ. ಅದೂ ಇಲ್ಲ. ಪ್ಲಸ್ ಸೈಜಿನವರು ಬೀಳುವುದಿಲ್ಲ ಅಂತ ಲೆಕ್ಕವೋ, ಬಿದ್ದರೆ ಏಳುವುದಿಲ್ಲ ಅಂತ ಲೆಕ್ಕವೋ ಗೊತ್ತಾಗಲಿಲ್ಲ.

ಇನ್ನು ರೆಕ್ಕೊ. 1973ರಲ್ಲಿ ಸ್ವೀಡನ್ನಿನ ಓರೆ ಎಂಬಲ್ಲಿ ಹಿಮಕುಸಿತವಾಯಿತು. ಹೂತುಹೋದ ಗೆಳೆಯನನ್ನು ಬರೀ ಕೋಲಿನಿಂದ ಚುಚ್ಚಿ ಹುಡುಕಬೇಕಾಗಿ ಬಂದ ಮಾಗ್ನುಸ್ ಗ್ರಾನ್‌ಹೆಡ್ ಎಂಬ ವ್ಯಕ್ತಿ ಆಮೇಲೆ ಈ ಸಾಧನ ತಂದರು. ಜಾಕೆಟ್ಟಿನೊಳಗೆ ಕೆಲವೇ ಗ್ರಾಂ ತೂಕದ ಚಿಕ್ಕ ತುಂಡು. ಬ್ಯಾಟರಿ ಬೇಡ, ಚಾರ್ಜ್ ಬೇಡ. ಹುಡುಕುವವರ ಸಂಕೇತವನ್ನು ವಾಪಸ್ ಕಳಿಸುತ್ತದೆ, ಅಷ್ಟೇ. ಇದಕ್ಕೂ ಸೊಂಟದ ಸುತ್ತಳತೆಗೂ ಏನು ಸಂಬಂಧ ಅಂತ ಕೇಳಬಾರದು. ಒಳ್ಳೆಯ ಜಾಕೆಟ್ಟುಗಳಲ್ಲಿ ಹೊಲಿದಿರುವ ಈ ತುಂಡು ನಮ್ಮ ರಜಾಯಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾವು ಹಿಮದಡಿ ಹೂತರೂ ಮೇಲಿನಿಂದ ದಿಬ್ಬ ಕಾಣಿಸುತ್ತದೆ ಅಂತ ಇರಬಹುದು.

ತಮಾಷೆ ಏನು ಅಂದರೆ, ಸ್ಕೀ ಲೋಕದಲ್ಲಿ ಬಟ್ಟೆಯವರನ್ನು ಬಿಟ್ಟು ಮಿಕ್ಕ ಎಲ್ಲರಿಗೂ ನಾವು ಇದ್ದೇವೆ ಅಂತ ಗೊತ್ತು. ಬಾಡಿಗೆ ಅಂಗಡಿಗೆ ಹೋಗಿ. ಮೊದಲು ಕೈಗೆ ಕೊಡುವ ಫಾರಂನಲ್ಲೇ ತೂಕ ಎಷ್ಟು ಅಂತ ಇರುತ್ತದೆ. ಅಕ್ಕಪಕ್ಕ ಗಂಡ, ಗಂಡನ ಆಫೀಸಿನವರು, ಅವರ ಮಕ್ಕಳು ಎಲ್ಲ ಇಣುಕುತ್ತಿರುತ್ತಾರೆ. ಸುಳ್ಳು ಬರೆದರೆ ಕಾಲು ಮುರಿಯುತ್ತದೆ. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಅಂತ ಒಂದಿದೆ. ಬಿದ್ದಾಗ ಅದು ಸರಿಯಾದ ಹೊತ್ತಿಗೆ ಬಿಟ್ಟುಕೊಳ್ಳಬೇಕು, ಸುಮ್ಸುಮ್ನೆ ಬಿಟ್ಟುಕೊಳ್ಳಬಾರದು. ಅದಕ್ಕೆ ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ನೀವೆಷ್ಟು ಜೋರಾಗಿ ಜಾರುವವರು, ಇಷ್ಟನ್ನೂ ಚಾರ್ಟ್ ನೋಡಿ ಹುಡುಗ ಸ್ಕ್ರೂಡ್ರೈವರ್ ಹಿಡಿದು ತಿರುಪುತ್ತಾನೆ. ಆ ಚಾರ್ಟಿನಲ್ಲಿ ತೂಕದ ಕೊನೆಯ ಸಾಲು 210 ಪೌಂಡ್ ಮತ್ತು ಅದಕ್ಕೂ ಮೇಲ್ಪಟ್ಟು. ‘ಮೇಲ್ಪಟ್ಟು’ ಅನ್ನುವಾಗ ಆ ಚಾರ್ಟು ಮುಖ ಸಿಂಡರಿಸುವುದಿಲ್ಲ. ಕಬ್ಬಿಣದ ಸ್ಪ್ರಿಂಗಿಗೆ ಇರುವ ವಿಶಾಲ ಹೃದಯ ನೈಲಾನಿಗೆ ಇಲ್ಲ.

ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ.

“ನಮ್ಮಲ್ಲಿ ಎಕ್ಸ್‌ಎಲ್‌ವರೆಗೆ ಇದೆ ಮೇಡಂ. ದೊಡ್ಡದು ಆನ್‌ಲೈನ್‌ನಲ್ಲಿ ಮಾತ್ರ.”

“ಹಾಕಿ ನೋಡೋದು ಹೇಗೆ?”

“ತರಿಸಿಕೊಂಡು ನೋಡಿ, ಆಗದಿದ್ದರೆ ವಾಪಸ್ ಕಳಿಸಿ.”

500-600 ಡಾಲರಿನ ಜಾಕೆಟ್ಟು ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದ ಹಾಗೆ ಮನೆಗೆ ಬಂದು, ಒಪ್ಪಿಗೆಯಾಗದೆ ಹೊರಡುತ್ತದೆ. ಪೋಸ್ಟ್ ಆಫೀಸಿನವರಿಗೆ ನನ್ನ ಮುಖಪರಿಚಯ ಚೆನ್ನಾಗಿಯೇ ಆಗಿದೆ.

ಇಲ್ಲಿ ಒಬ್ಬ ಜಾಣ ಬಾಯಿ ಹಾಕುತ್ತಾನೆ: ಗಂಡಸರ ಜಾಕೆಟ್ ತಗೊಳ್ಳಿ. ಸರಿ. ಗಂಡಸರಿಗೆ 3ಎಕ್ಸ್‌ಎಲ್ ಸಲೀಸಾಗಿ ಸಿಗುತ್ತದೆ, ಅದರಲ್ಲಿ ಜಿಪ್ಪು, ಜೇಬು, ರೆಕ್ಕೊ, ಹೆಲ್ಮೆಟ್ ಹಿಡಿಸುವ ಟೋಪಿ ಎಲ್ಲವೂ ಇರುತ್ತದೆ. ಬಿಯರ್ ಹೊಟ್ಟೆಯ ಮೇಲೆ ಹಿಮ ಬೀಳುತ್ತದೆ ಅನ್ನುವುದನ್ನು ಕಂಪನಿಗಳು ಒಪ್ಪಿಕೊಂಡಿವೆ. ಹಾಕಿಕೊಂಡು ನೋಡಿ ಆದರೆ. ಹಿಂಭಾಗಕ್ಕೆ ಆಗುವ ಸೈಜ್ ತೆಗೆದುಕೊಂಡರೆ ಭುಜ ಮೊಣಕೈ ಕಡೆಗೆ ಇಳಿದಿರುತ್ತದೆ. ತೋಳು ಬೆರಳ ತುದಿ ದಾಟಿ ಇನ್ನೂ ಉಳಿದಿರುತ್ತದೆ, ಎರಡು ಮಡಿಕೆ ಮಡಚಬೇಕು, ಆಗ ಕೈಗವಸು ಮೇಲೆ ಕೂರುವುದಿಲ್ಲ. ಒಳಗಿನ ಪಟ್ಟಿಯ ಬಟನ್ನುಗಳು ಸೊಂಟದ ಎರಡು ಕಡೆಯಿಂದ ಒಂದನ್ನೊಂದು ನೋಡುತ್ತಾ ನಿಲ್ಲುತ್ತವೆ, ಕೂಡುವುದಿಲ್ಲ. ಜಿಪ್ಪನ್ನು ಕೆಳಗಿನಿಂದ ಅರ್ಧ ತೆರೆದರೆ ಮಾತ್ರ ಬೆಟ್ಟ ಹತ್ತಿಸುವ ಕುರ್ಚಿ ಲಿಫ್ಟಿನಲ್ಲಿ ಕೂರಲು ಸಾಧ್ಯ. ಕನ್ನಡಿಯಲ್ಲಿ ನೋಡಿದರೆ ತಮ್ಮನ ಬಟ್ಟೆ ಕದ್ದು ಓಡಿದವಳ ಹಾಗಿರುತ್ತೇನೆ.

ಊರಲ್ಲಾಗಿದ್ದರೆ ಟೈಲರ್ ಹತ್ತಿರ ಓಡಬಹುದಿತ್ತು. ರವಿಕೆ ಹೊಲಿಯುವಾಗ ನಮ್ಮ ಟೈಲರು ಕೇಳದೆಯೇ ಒಳಗೆ ಒಂದಿಂಚು ಮಾರ್ಜಿನ್ ಬಿಟ್ಟು ಎರಡು ಸಾಲು ಹೊಲಿಗೆ ಹಾಕಿರುತ್ತಾರೆ. “ಮುಂದೆ ಬೇಕಾಗುತ್ತೆ ತಗೊಳ್ಳಕ್ಕಾ” ಅಂತ. ಬೇಕಾಗೇ ಆಗುತ್ತದೆ. ಒಂದು ಸಾಲು ಬಿಚ್ಚಿದರೆ ಆಯಿತು. ಜಾಕೆಟ್ಟಿನಲ್ಲಿ ಆ ಆಟ ನಡೆಯುವುದಿಲ್ಲ. ಸೂಜಿ ಹೋದ ಕಡೆಯೆಲ್ಲ ತೂತು, ತೂತು ಇದ್ದ ಕಡೆಯೆಲ್ಲ ನೀರು. ಅದಕ್ಕೇ ಪ್ರತಿ ಹೊಲಿಗೆಯ ಒಳಮೈಗೆ ಬಿಸಿಯಲ್ಲಿ ಟೇಪು ಅಂಟಿಸಿರುತ್ತಾರೆ. ಬಿಚ್ಚಿ ಬಟ್ಟೆ ಸೇರಿಸಿ ಹೊಲಿದರೆ 20 ಮೀಟರ್ ನೀರು ತಡೆಯುವ ಜಾಕೆಟ್ಟು ಇಡ್ಲಿ ತಟ್ಟೆ ಆಗುತ್ತದೆ.

ಕಂಪನಿಗಳ ಕಡೆಯ ವಾದವನ್ನೂ ಕೇಳೋಣ. ಒಂದು ಮಧ್ಯಮ ಸೈಜಿಗೆ ಮಾದರಿ ಹೊಲಿದು, ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಲೆಕ್ಕ ಹಾಕಿ ಹಿಗ್ಗಿಸಿ ಕುಗ್ಗಿಸುವುದು ಪದ್ಧತಿ. ಎಕ್ಸ್‌ಎಲ್ ಆದ ಮೇಲೆ ಆ ಲೆಕ್ಕ ಕೆಡುತ್ತದೆ. ಕುತ್ತಿಗೆ, ಕೈ ಎಲ್ಲ ಸೊಂಟದ ಜೊತೆ ಒಂದೇ ಸಮ ಬೆಳೆಯುವುದಿಲ್ಲವಲ್ಲ. ಹೊಸ ಮಾದರಿ ಬೇಕು, ಅದನ್ನು ತೊಡಿಸಿ ನೋಡಲು ಹೊಸ ಮಾಡೆಲ್ ಹೆಂಗಸು ಬೇಕು, ಖರ್ಚು. ಒಪ್ಪಿದೆ. ಆದರೆ ಆಮೇಲೆ ಒಂದು ಮಾತು ಸೇರಿಸುತ್ತಾರೆ ನೋಡಿ: ದೊಡ್ಡ ಸೈಜಿಗೆ ಬೇಡಿಕೆಯೇ ಇಲ್ಲ, ಆ ಹೆಂಗಸರು ಸ್ಕೀ ಮಾಡುವುದೇ ಇಲ್ಲ. ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ, ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ. ಮಾಡದ ಜಾಕೆಟ್ಟನ್ನು ಯಾರೂ ಕೊಳ್ಳಲಿಲ್ಲ ಅಂತ ವರದಿ ಬರೆದು, ಆ ವರದಿ ನೋಡಿ ಜಾಕೆಟ್ ಮಾಡದಿರುವುದಕ್ಕೆ ಸಂಬಳ ತೆಗೆದುಕೊಳ್ಳುವ ಜನ ಇದ್ದಾರೆ.

ಸೈಜ್ ಅನ್ನುವ ವ್ಯವಸ್ಥೆಯ ಹುಟ್ಟೇ ಒಂದು ಹರಿಕಥೆ. ಅಮೆರಿಕದಲ್ಲಿ ಹೆಂಗಸರ ಮೈ ಅಳತೆಯನ್ನು ಮೊದಲು ದೊಡ್ಡ ಮಟ್ಟದಲ್ಲಿ ತೆಗೆದವರು ಯಾರು ಗೊತ್ತಾ? ಕೃಷಿ ಇಲಾಖೆ. 1939-40ರಲ್ಲಿ ಸುಮಾರು 15,000 ಹೆಂಗಸರ ಮೈಮೇಲೆ ಒಬ್ಬೊಬ್ಬರಿಗೆ 59 ಕಡೆ ಟೇಪು ಹಿಡಿದರು. ಲೆಕ್ಕಕ್ಕೆ ಇಟ್ಟುಕೊಂಡದ್ದು ಬಿಳಿಯರ ಅಳತೆ ಮಾತ್ರ. ಅದನ್ನು ಆಧರಿಸಿ 1958ರಲ್ಲಿ ಸರ್ಕಾರಿ ಸೈಜ್ ಪಟ್ಟಿ ಬಂತು, 1983ರಲ್ಲಿ ಅದನ್ನೂ ವಾಪಸ್ ತೆಗೆದುಕೊಂಡರು. ಅಲ್ಲಿಂದೀಚೆಗೆ ಯಾರ ಬಾಯಿಗೆ ಬಂದದ್ದು ಅವರ ಸೈಜ್. ಒಂದು ಕಡೆ 1ಎಕ್ಸ್, ಒಂದು ಕಡೆ ಎಕ್ಸ್‌ಎಕ್ಸ್‌ಎಲ್, ಇನ್ನೊಂದು ಕಡೆ 18ಡಬ್ಲ್ಯು. ಮೂರೂ ಒಂದೇನಾ ಅಂತ ಕೇಳಿದರೆ ಜ್ಯೋತಿಷಿಯೂ ಹೇಳಲಾರ.

ಮಾಡುವವರು ಇಲ್ಲವೇ ಇಲ್ಲ ಅಂತಲ್ಲ. ಕೊಲಂಬಿಯಾದಂಥವರು ಹೆಂಗಸರಿಗೆ 3ಎಕ್ಸ್‌ವರೆಗೆ ಸ್ಕೀ ಜಾಕೆಟ್ ಮಾಡುತ್ತಾರೆ. ಒಳ್ಳೆಯದಾಗಲಿ. ಅಂಥವು ನವೆಂಬರ್‌ನಲ್ಲೇ ಖಾಲಿಯಾಗುತ್ತವೆ. ಬೇಡಿಕೆ ಇಲ್ಲದಿರುವುದಕ್ಕೆ, ಅಲ್ವಾ?

ಗೆಳತಿಯೊಬ್ಬಳ ಹತ್ತಿರ ಇದನ್ನೆಲ್ಲ ತೋಡಿಕೊಂಡೆ. ಅವಳು ಎಸ್ ಸೈಜು, ಲೋಕಕಲ್ಯಾಣದ ಸ್ವಭಾವ.

“ಸ್ಕೀ ಮಾಡ್ತಾ ಮಾಡ್ತಾ ಸಣ್ಣ ಆಗ್ತೀಯ ಬಿಡೇ,” ಅಂದಳು.

“ಏನು ಹಾಕ್ಕೊಂಡು ಮಾಡ್ಲೇ?”

“ಸಣ್ಣ ಆದ್ಮೇಲೆ ಬೇಕಾದಷ್ಟು ಸಿಗತ್ತಲ್ಲ!”

ಅವಳನ್ನು ಯಾವುದಾದರೂ ಜಾಕೆಟ್ ಕಂಪನಿ ಕೂಡಲೇ ಕೆಲಸಕ್ಕೆ ತೆಗೆದುಕೊಳ್ಳಬೇಕು.

ಕೊನೆಗೆ ನನಗೊಂದು ಉಪಾಯ ಹೊಳೆಯಿತು. ಸ್ಕೀ ಟಿಕೆಟ್ ದರ ಈಗ ಆಕಾಶದಲ್ಲಿದೆ. ಕೊಲರಾಡೊದ ವೇಲ್‌ನಲ್ಲಿ ಜನ ಜಾಸ್ತಿ ಇರುವ ದಿನ ಒಂದೇ ದಿನದ ಟಿಕೆಟ್ 300 ಡಾಲರ್ ದಾಟಿದೆ. ನಮ್ಮ ಕಡೆಯೂ ಅಗ್ಗವೇನಲ್ಲ. ಬಟ್ಟೆ ಕಂಪನಿಗಳ ಪ್ರಕಾರ ನಾನು ಬೆಟ್ಟದ ಮೇಲೆ ಇಲ್ಲ. ಇಲ್ಲದವಳಿಂದ ಟಿಕೆಟ್ ವಸೂಲಿ ಮಾಡುವುದು ಯಾವ ನ್ಯಾಯ? ಕೌಂಟರಿನಲ್ಲಿ ಇದನ್ನೇ ವಿನಯದಿಂದ ಕೇಳಿದೆ. ಆ ಹುಡುಗ ನಗುತ್ತಾ, ಎಲ್ಲ ಸೈಜಿಗೂ ಒಂದೇ ರೇಟು ಅಂತ ಕಾರ್ಡು ಉಜ್ಜಿ ಪಾಸು ಕೈಗಿಟ್ಟ. ಎಡತೋಳಿನ ಚಿಕ್ಕ ಜೇಬಿನಲ್ಲಿ ಇಟ್ಟುಕೊಂಡರೆ ಗೇಟು ತಾನಾಗಿಯೇ ಓದಿ ತೆರೆಯುತ್ತದೆ ಅಂತ ಹೇಳಿಯೂ ಕೊಟ್ಟ. ನನ್ನ ರಜಾಯಿಗೆ ಆ ಜೇಬು ಎಲ್ಲಿದೆ? ಪಾಸನ್ನು ಕೈಗವಸಿನೊಳಗೆ ತುರುಕಿಕೊಂಡೆ. ಈಗ ಪ್ರತಿ ಸಲ ಲಿಫ್ಟ್ ಹತ್ತುವ ಮೊದಲು ಗೇಟಿನ ಮುಂದೆ ನಿಂತು, ಅದಕ್ಕೆ ನಾನು ಕಾಣುವವರೆಗೂ ಸಲ್ಯೂಟ್ ಹೊಡೆಯುತ್ತಿರುತ್ತೇನೆ.