ಸೇತುವೆ ಇಲ್ಲದ ಸೇತುವೆ ಯುದ್ಧ

ಮೊನ್ನೆ ಭಾನುವಾರ ರಾತ್ರಿ ಮತ್ತೆ 'ಬ್ರೇವ್‌ಹಾರ್ಟ್' ನೋಡಿದೆ. ಇಂಗ್ಲಿಷರ ವಿರುದ್ಧ ಹೋರಾಡಿದ ಸ್ಕಾಟ್ಲೆಂಡಿನ ವಿಲಿಯಂ ವಾಲೆಸ್‌ನ ಕಥೆ ಹೇಳುವ ಮೆಲ್ ಗಿಬ್ಸನ್ ಸಿನಿಮಾ. ಆರನೇ ಸಲವೋ ಏಳನೇ ಸಲವೋ ಇರಬೇಕು. ಮೊದಲ ಸಲ ನೋಡಿದ್ದು ಧಾರವಾಡದ ಹಾಸ್ಟೆಲ್ಲಿನಲ್ಲಿ, 2001ರಲ್ಲಿ. ಬಾಡಿಗೆಗೆ ತಂದ ಮೂರು ಸಿಡಿ, ಒಂದು ಕಂಪ್ಯೂಟರ್, ಅದರ ಮುಂದೆ ಹನ್ನೆರಡು ಹುಡುಗರು. ಸಿಡಿ ಬದಲಾಯಿಸುವಾಗ ಕೂಡ ಯಾರೂ ಜಾಗ ಬಿಟ್ಟು ಏಳಲಿಲ್ಲ. ಮೂರನೇ ಸಿಡಿಯ ಕೊನೆಗೆ, ಲಂಡನ್ನಿನ ಆ ಕಟ್ಟೆಯ ಮೇಲೆ ವಾಲೆಸ್ ಕೊನೆಯ ಕೂಗು ಹಾಕಿದಾಗ ರೂಮು ಪೂರ್ತಿ ಸ್ತಬ್ಧ. ಸಿನಿಮಾ ಮುಗಿದು ಎಷ್ಟೋ ಹೊತ್ತಾದರೂ ಲೈಟ್ ಹಾಕೋಕೆ ಯಾರಿಗೂ ಮನಸ್ಸಾಗಲಿಲ್ಲ. ಎಲ್ಲರ ಕಣ್ಣೂ ಒದ್ದೆಯಾಗಿತ್ತು.

ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಬರೆಯುವುದು ಒಂದು ದೂರು. ಆ ಸಿನಿಮಾ ನನಗೆ ತುಂಬಾ ಇಷ್ಟ. ಇಷ್ಟ ಇಲ್ಲದಿದ್ದರೆ ಇಷ್ಟು ವರ್ಷ ಈ ದೂರನ್ನು ಮನಸ್ಸಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಸಿನಿಮಾದಲ್ಲಿ ಇತಿಹಾಸದ ತಪ್ಪುಗಳು ಬೇಕಾದಷ್ಟಿವೆ. ಸೈನಿಕರು ತೊಟ್ಟ ಆ ಕಿಲ್ಟ್, ಅಂದರೆ ಲಂಗದಂಥ ಉಡುಪು, ಬಳಕೆಗೆ ಬಂದದ್ದು 16ನೇ ಶತಮಾನದಲ್ಲಿ, ಕಥೆ ನಡೆಯುವುದು 13ನೇ ಶತಮಾನದ ಕೊನೆಗೆ. ಮುಖಕ್ಕೆ ಬಳಿದುಕೊಂಡ ನೀಲಿ ಬಣ್ಣ ಅದಕ್ಕಿಂತ ಸಾವಿರ ವರ್ಷ ಹಿಂದೆ ಸ್ಕಾಟ್ಲೆಂಡಿನಲ್ಲಿದ್ದ ಪಿಕ್ಟ್ ಜನರ ಬಗ್ಗೆ ಹೇಳುವ ಮಾತು. ರಾಜಕುಮಾರಿ ಇಸಾಬೆಲ್ಲಾ ಮತ್ತು ವಾಲೆಸ್ ಪ್ರೇಮ ಅಂತೂ ಸಾಧ್ಯವೇ ಇಲ್ಲ. ವಾಲೆಸ್ ಸೋತ ಫಾಲ್ಕರ್ಕ್ ಯುದ್ಧ ನಡೆದ 1298ರಲ್ಲಿ ಅವಳು ಫ್ರಾನ್ಸಿನಲ್ಲಿ ಆಡಿಕೊಂಡಿದ್ದ ಮೂರು ವರ್ಷದ ಆಸುಪಾಸಿನ ಮಗು. ವಾಲೆಸ್‌ನನ್ನು ಕೊಂದದ್ದು 1305ರಲ್ಲಿ, ಅವಳು ಇಂಗ್ಲೆಂಡಿಗೆ ಸೊಸೆಯಾಗಿ ಬಂದದ್ದು 1308ರಲ್ಲಿ. ಮದುವೆಯ ಮೊದಲ ರಾತ್ರಿ ಹೆಣ್ಣು ಒಡೆಯನಿಗೆ ಸೇರಬೇಕು ಅನ್ನುವ ಆ ಕಾನೂನಿಗೂ ಯಾವ ದಾಖಲೆಯೂ ಇಲ್ಲ.

ಇದರ ಬಗ್ಗೆ ನನ್ನದೇನೂ ತಕರಾರಿಲ್ಲ. ಕಥೆಯ ಬೇರು ಇರುವುದು ಬ್ಲೈಂಡ್ ಹ್ಯಾರಿ ಎಂಬ ಕವಿಯ ದೊಡ್ಡ ಪದ್ಯದಲ್ಲಿ. ಅವನು ಅದನ್ನು ಕಟ್ಟಿದ್ದು 1470ರ ದಶಕದಲ್ಲಿ, ವಾಲೆಸ್ ಸತ್ತು ಸುಮಾರು 170 ವರ್ಷ ಆದ ಮೇಲೆ. ಅಷ್ಟು ಹೊತ್ತಿಗೆ ಜನರ ಬಾಯಲ್ಲಿ ವಾಲೆಸ್ ಮನುಷ್ಯನಿಗಿಂತ ಎತ್ತರ ಬೆಳೆದುಬಿಟ್ಟಿದ್ದ. ಲಾವಣಿ ಕಟ್ಟುವವರು ಎಲ್ಲಾ ಊರಲ್ಲೂ ಹಾಗೇ ಅಲ್ವಾ? ಸಿನಿಮಾ ಆ ಲಾವಣಿಯ ಮಗು. ಅದಕ್ಕೆ ಅಷ್ಟು ಸ್ವಾತಂತ್ರ್ಯ ಇರಲಿ.

ನನ್ನ ಜಗಳ ಸೇತುವೆಯದ್ದು.

ಸ್ಟರ್ಲಿಂಗ್ ಸೇತುವೆ ಯುದ್ಧ ನಡೆದದ್ದು 1297ರ ಸೆಪ್ಟೆಂಬರ್ 11ರಂದು. ಯುದ್ಧದ ಹೆಸರಲ್ಲೇ ಸೇತುವೆ ಇದೆ. ಸಿನಿಮಾದಲ್ಲಿ ಸೇತುವೆಯೂ ಇಲ್ಲ, ಹೊಳೆಯೂ ಇಲ್ಲ. ಇರುವುದು ಒಂದು ಬಟಾಬಯಲು. ಅದನ್ನು ತೆಗೆದದ್ದು ಐರ್ಲೆಂಡಿನಲ್ಲಿ, ಅಲ್ಲಿನ ಮೀಸಲು ಪಡೆಯ ಸೈನಿಕರನ್ನೇ ನಿಲ್ಲಿಸಿ. ಇಂಗ್ಲಿಷರ ಕುದುರೆಗಳು ನೆಲ ನಡುಗಿಸುತ್ತಾ ಬರುತ್ತವೆ. ತಡಿ, ತಡಿ ಎಂದು ವಾಲೆಸ್ ತನ್ನವರನ್ನು ಹಿಡಿದು ನಿಲ್ಲಿಸುತ್ತಾನೆ. ಕೊನೆಯ ಗಳಿಗೆಯಲ್ಲಿ ಮರದ ಉದ್ದನೆಯ ಈಟಿಗಳು ನೆಲದಿಂದ ಮೇಲೇಳುತ್ತವೆ. ಇವತ್ತಿಗೂ ಆ ದೃಶ್ಯ ಬಂದರೆ ನನ್ನ ಕೈ ಬಿಗಿಯಾಗುತ್ತದೆ.

2012ರಲ್ಲಿ ಆಫೀಸಿನ ಕೆಲಸಕ್ಕೆ ಎಂಟು ತಿಂಗಳು ಎಡಿನ್‌ಬರೋದಲ್ಲಿದ್ದೆ. ಒಂದು ಶನಿವಾರ ರೈಲು ಹತ್ತಿ ಸ್ಟರ್ಲಿಂಗಿಗೆ ಹೋದೆ, ಒಂದು ಗಂಟೆ ದಾರಿ ಕೂಡ ಇಲ್ಲ. ಈಗ ಅಲ್ಲಿರುವುದು ಆಮೇಲೆ ಕಟ್ಟಿದ ಕಲ್ಲಿನ ಸೇತುವೆ. 1297ರ ಮರದ ಸೇತುವೆ ಇದ್ದದ್ದು ಅದಕ್ಕಿಂತ ಸ್ವಲ್ಪ ಮೇಲುಗಡೆ. ಕಲ್ಲು ಹಾಸಿದ ಆ ಹಳೇ ಸೇತುವೆಯ ನಡುವೆ ನಿಂತು ಕೆಳಗೆ ನೋಡಿದೆ. ಫೋರ್ತ್ ನದಿ ಕಂದು ಬಣ್ಣಕ್ಕೆ ತಿರುಗಿ ನಿಧಾನಕ್ಕೆ ಹರಿಯುತ್ತಿತ್ತು. ಅದು ನೆಟ್ಟಗೆ ಹರಿಯುವ ಹೊಳೆಯಲ್ಲ, ಹಾವಿನ ಹಾಗೆ ಸುತ್ತಿ ಸುತ್ತಿ ಹೋಗುತ್ತದೆ. ತಲೆ ಎತ್ತಿದರೆ ಆಚೆ ದಡದ ದೂರದಲ್ಲಿ ಆ್ಯಬಿ ಕ್ರೇಗ್ ಎಂಬ ಬಂಡೆಗುಡ್ಡ, ಅದರ ನೆತ್ತಿಯ ಮೇಲೆ ವಾಲೆಸ್ ಸ್ಮಾರಕದ ಗೋಪುರ. ಅವತ್ತು ಸ್ಕಾಟರು ಕಾದು ಕುಳಿತದ್ದು ಅದೇ ಗುಡ್ಡದ ಮೇಲೆ.

ನಡುವೆ ಬರೀ ತಗ್ಗು ನೆಲ. ನೋಡಿದ ಕೂಡಲೇ ಎಲ್ಲಾ ಅರ್ಥವಾಯಿತು. ಇಲ್ಲಿ ಗೆಲ್ಲೋಕೆ ಕೂಗು ಬೇಕಿರಲಿಲ್ಲ, ತಾಳ್ಮೆ ಬೇಕಿತ್ತು.

ಅವತ್ತಿನ ಕಥೆ ಕೇಳಿ. ಆ ಮರದ ಸೇತುವೆ ಎಷ್ಟು ಕಿರಿದು ಅಂದರೆ ಎರಡು ಕುದುರೆ ಮಾತ್ರ ಪಕ್ಕಪಕ್ಕ ಹೋಗಬಹುದಿತ್ತು. ದಾಟಿದ ಮೇಲೆ ಗುಡ್ಡದ ಕಡೆಗೆ ಒಂದು ಏರಿದಾರಿ, ಅದರ ಎರಡೂ ಕಡೆ ಕುದುರೆಯ ಕಾಲು ಹೂತುಹೋಗುವ ಮೆತ್ತನೆ ನೆಲ. ಬೆಳಗಾಗುತ್ತಲೇ ಇಂಗ್ಲಿಷ್ ಕಾಲಾಳುಗಳ ಒಂದು ದೊಡ್ಡ ಗುಂಪು ದಾಟಿಯೂ ಆಗಿತ್ತು. ಆದರೆ ದಂಡನಾಯಕ ಜಾನ್ ಡಿ ವಾರೆನ್, ಅಂದರೆ ಸರ್ರೆಯ ಅರ್ಲ್, ಇನ್ನೂ ನಿದ್ದೆಯಲ್ಲಿದ್ದ. ದಾಟಿದವರನ್ನೆಲ್ಲಾ ವಾಪಸ್ ಕರೆಸಿದರು! ಇದನ್ನು ಬರೆದಿಟ್ಟವನು ಇಂಗ್ಲೆಂಡಿನ ಪಾದ್ರಿಯೇ, ವಾಲ್ಟರ್ ಆಫ್ ಗಿಸ್‌ಬರೋ.

ಆಮೇಲೆ ಇಬ್ಬರು ಸಂನ್ಯಾಸಿಗಳನ್ನು ಸಂಧಾನಕ್ಕೆ ಕಳಿಸಿದರು. ಸಂಧಾನಕ್ಕೆ ಬಂದಿಲ್ಲ, ಯುದ್ಧಕ್ಕೇ ಬಂದಿದ್ದೇವೆ ಎಂಬ ಉತ್ತರ ಬಂತು. ಆಗ ರಿಚರ್ಡ್ ಲಂಡಿ ಎಂಬ ಸ್ಕಾಟಿಷ್ ಸರದಾರ, ಇಂಗ್ಲಿಷರ ಕಡೆ ಸೇರಿದ್ದವನು, ಒಂದು ಒಳ್ಳೆಯ ಮಾತು ಹೇಳಿದ. ಹತ್ತಿರದಲ್ಲೇ ಹೊಳೆ ದಾಟುವ ಆಳವಿಲ್ಲದ ಜಾಗ ಇದೆ, 60 ಕುದುರೆಗಳು ಒಟ್ಟಿಗೆ ದಾಟಬಹುದು, ನನ್ನ ಜೊತೆ ಒಂದಷ್ಟು ಜನ ಕಳಿಸಿ, ಹಿಂದಿನಿಂದ ಬಂದು ಅವರನ್ನು ಸುತ್ತುತ್ತೇನೆ ಎಂದ. ಯಾರೂ ಕೇಳಲಿಲ್ಲ. ರಾಜನ ಖಜಾನೆ ನೋಡಿಕೊಳ್ಳುತ್ತಿದ್ದ ಹ್ಯೂ ಕ್ರೆಸಿಂಗ್‌ಹ್ಯಾಮ್‌ಗೆ ಅವಸರ. ಇದನ್ನು ಎಳೆದು ಎಳೆದು ರಾಜನ ದುಡ್ಡು ಯಾಕೆ ಹಾಳು ಮಾಡಬೇಕು, ಬೇಗ ಮುಗಿಸೋಣ ಅಂದ. ಸರಿ, ಸೇತುವೆ ಮೇಲೇ ಹೊರಟರು. ಇಬ್ಬಿಬ್ಬರಾಗಿ.

ಈಗ ಗುಡ್ಡದ ಮೇಲೆ ಕೂತವರ ಜಾಗದಲ್ಲಿ ನಿಂತು ಯೋಚಿಸಿ. ಕೈಯಲ್ಲಿ ಈಟಿ, ಎದುರಿಗೆ ಆ ಕಾಲದ ದೊಡ್ಡ ಸೈನ್ಯ. ಹಿಂದಿನ ವರ್ಷ ಡನ್‌ಬಾರ್‌ನಲ್ಲಿ ಅದೇ ಕುದುರೆ ಪಡೆ ಸ್ಕಾಟ್ಲೆಂಡಿನ ಸರದಾರರನ್ನೆಲ್ಲಾ ಚಿಂದಿ ಮಾಡಿತ್ತು. ಈಗ ಗುಡ್ಡದ ಮೇಲೆ ಇದ್ದವರಲ್ಲಿ ಜಾಸ್ತಿ ಜನ ಸಾಮಾನ್ಯ ಕಾಲಾಳುಗಳು. ಕಣ್ಣೆದುರೇ ಶತ್ರು ಸಾಲಾಗಿ ಇಳಿದು ಬರುತ್ತಿದ್ದಾನೆ. ಬೇಗ ನುಗ್ಗಿದರೆ ಸಿಗುವುದು ಬೆರಳೆಣಿಕೆ ಜನ, ಉಳಿದವರು ಆಚೆ ದಡದಲ್ಲೇ ಸುರಕ್ಷಿತ. ತಡ ಮಾಡಿದರೆ ದಾಟಿದವರೇ ಜಾಸ್ತಿಯಾಗಿ ಇವರನ್ನು ನುಂಗಿಬಿಡುತ್ತಾರೆ. ಎಷ್ಟು ಜನ ದಾಟುವ ತನಕ ಸುಮ್ನೆ ಕೂರಬೇಕು? ಅದನ್ನು ಯಾರು ಲೆಕ್ಕ ಹಾಕಿದರು? ಪಕ್ಕದವನ ಉಸಿರು ಕೇಳುತ್ತಾ ಬೆವರಿದ ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಾ ಅಷ್ಟು ಜನ ಹೇಗೆ ಅಲುಗಾಡದೆ ಕೂತರು?

ನೀವೇ ಹೇಳಿ, ಇದಕ್ಕಿಂತ ದೊಡ್ಡ ಸಿನಿಮಾ ಬೇಕಾ?

ಸರಿಯಾದ ಹೊತ್ತಿಗೆ ಇಳಿದರು. ಒಂದು ತಂಡ ಸೀದಾ ಸೇತುವೆಯ ತುದಿಗೆ ಹೋಗಿ ಬಾಗಿಲು ಹಾಕಿದ ಹಾಗೆ ಅದನ್ನು ಮುಚ್ಚಿತು. ದಾಟಿದವರು ವಾಪಸ್ ಹೋಗುವ ಹಾಗಿಲ್ಲ, ಆಚೆ ಇದ್ದವರು ಸಹಾಯಕ್ಕೆ ಬರುವ ಹಾಗಿಲ್ಲ. ಮೂರು ಕಡೆ ಹೊಳೆಯ ಸುತ್ತು, ಮುಂದೆ ಈಟಿಗಳು. ಆ ಕಡೆ ದಡದಲ್ಲಿ ಸೈನ್ಯದ ದೊಡ್ಡ ಭಾಗ ಸುಮ್ಮನೆ ನಿಂತು ತಮ್ಮವರು ಸಾಯುವುದನ್ನು ನೋಡಬೇಕಾಯಿತು. ಈಜು ಬಂದ ಕೆಲವರು ಉಳಿದರು. ಅವಸರ ಮಾಡಿದ್ದ ಕ್ರೆಸಿಂಗ್‌ಹ್ಯಾಮ್ ಅಲ್ಲೇ ಸತ್ತ. ಅವನ ಚರ್ಮ ಸುಲಿದು ತುಂಡು ತುಂಡಾಗಿ ಹಂಚಿಕೊಂಡರಂತೆ. ಸ್ಕಾಟರ ಸಿಟ್ಟು ಎಷ್ಟಿತ್ತು ಅನ್ನುವುದಕ್ಕೆ ಅದೂ ಸಾಕ್ಷಿ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ವಾರೆನ್ ಸೇತುವೆ ಕೆಡವಿಸಿ ಬೆರಿಕ್ ಕಡೆ ಓಡಿದ.

ಸೇತುವೆ ತೆಗೆದುಬಿಟ್ಟರೆ ಇಷ್ಟೂ ಹೋಯಿತು. ಬುದ್ಧಿಯಿಂದ ಗೆದ್ದ ಯುದ್ಧ ಬರೀ ರೋಷದಿಂದ ಗೆದ್ದ ಯುದ್ಧವಾಯಿತು. ನೆಲದ ಗುಣ ಬಲ್ಲ ರೈತನ ಮಕ್ಕಳು ಹೋಗಿ, ಭಾಷಣ ಕೇಳಿ ಹುರುಪಾದ ಗುಂಪು ಬಂತು.

ಸೇತುವೆಯ ಜೊತೆ ಒಬ್ಬ ಮನುಷ್ಯನೂ ಹೋದ. ನನಗೆ ಜಾಸ್ತಿ ನೋವು ಅದರದ್ದೇ.

ಆ್ಯಂಡ್ರೂ ಮರ್ರೆ. ಹೆಸರು ಕೇಳಿದ್ದೀರಾ? ನಾನೂ ಸ್ಟರ್ಲಿಂಗಿಗೆ ಹೋಗುವ ತನಕ ಕೇಳಿರಲಿಲ್ಲ. ಉತ್ತರ ಸ್ಕಾಟ್ಲೆಂಡಿನ ದೊಡ್ಡ ಮನೆತನದ ಹುಡುಗ. 1296ರಲ್ಲಿ ಡನ್‌ಬಾರ್‌ನಲ್ಲಿ ಅಪ್ಪನ ಜೊತೆ ಸೆರೆ ಸಿಕ್ಕಿದ. ಅಪ್ಪನನ್ನು ಲಂಡನ್ ಟವರ್‌ಗೆ ಹಾಕಿದರು, ಇವನನ್ನು ಚೆಸ್ಟರ್ ಕೋಟೆಗೆ. ಇವನು ಅಲ್ಲಿಂದ ತಪ್ಪಿಸಿಕೊಂಡು ಅಷ್ಟು ದೂರ ಊರಿಗೆ ಬಂದ, 1297ರ ಬೇಸಿಗೆಯ ಹೊತ್ತಿಗೆ ಉತ್ತರದಲ್ಲಿ ದಂಗೆ ಎಬ್ಬಿಸಿದ. ದಕ್ಷಿಣದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ ವಾಲೆಸ್ ಲ್ಯಾನಾರ್ಕ್‌ನ ಇಂಗ್ಲಿಷ್ ಶೆರಿಫ್ ಹೆಸಲ್‌ರಿಗ್‌ನನ್ನು ಕೊಂದಿದ್ದ. ಎರಡು ಬೇರೆ ಬೇರೆ ಬೆಂಕಿ. ಸ್ಟರ್ಲಿಂಗಿಗೆ ಮುಂಚೆ ಅವೆರಡೂ ಕೂಡಿದವು. ಸೇತುವೆಯ ಹತ್ತಿರ ಸೈನ್ಯ ನಡೆಸಿದವರು ಇಬ್ಬರು.

ಆ ಯುದ್ಧದಲ್ಲೇ ಮರ್ರೆಗೆ ಪೆಟ್ಟಾಯಿತು ಅನ್ನುತ್ತಾರೆ. ವರ್ಷ ಮುಗಿಯುವುದರೊಳಗೆ ತೀರಿಕೊಂಡ. ಹೆಂಡತಿ ಆಗ ಬಸುರಿ. 1298ರಲ್ಲಿ ಹುಟ್ಟಿದ ಮಗನಿಗೂ ಆ್ಯಂಡ್ರೂ ಎಂದೇ ಹೆಸರಿಟ್ಟರು. ಅಪ್ಪನ ಮುಖ ನೋಡದ ಆ ಹುಡುಗ ದೊಡ್ಡವನಾಗಿ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್‌ನ ಸೋದರಿಯನ್ನು ಮದುವೆಯಾದ. ಬ್ರೂಸ್ ಸತ್ತ ಮೇಲೆ ದೇಶ ಮತ್ತೆ ಕುಸಿಯುವಾಗ ಸ್ಕಾಟ್ಲೆಂಡಿನ ಗಾರ್ಡಿಯನ್, ಅಂದರೆ ರಾಜನ ಪರವಾಗಿ ದೇಶ ನೋಡಿಕೊಳ್ಳುವವನಾಗಿ ನಿಂತ, 1335ರಲ್ಲಿ ಕಲ್‌ಬ್ಲೀನ್ ಯುದ್ಧ ಗೆದ್ದ. ಇಂಥ ಮನೆತನಕ್ಕೆ ಮೂರು ಗಂಟೆಯ ಸಿನಿಮಾದಲ್ಲಿ ಒಂದು ನಿಮಿಷ ಸಿಗಲಿಲ್ಲ.

ಇಂಗ್ಲೆಂಡಿನ ಇತಿಹಾಸಕಾರರು ನನ್ನನ್ನು ಸುಳ್ಳುಗಾರ ಅನ್ನಬಹುದು ಎಂದು ಸಿನಿಮಾದ ನಿರೂಪಕ ಶುರುವಿನಲ್ಲೇ ಹೇಳಿಬಿಡುತ್ತಾನೆ. ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಆದರೆ ಮರ್ರೆಯ ಬಗ್ಗೆ ಕೇಳುತ್ತಿರುವುದು ಇಂಗ್ಲೆಂಡಿನವರಲ್ಲ. ಅವನು ಸ್ಕಾಟ್ಲೆಂಡಿನ ಮಗ. ಸಿನಿಮಾದ ಹೆಸರು ಕೂಡ ನಿಜಕ್ಕೆ ಬ್ರೂಸ್‌ಗೆ ಸೇರಬೇಕಾದದ್ದು. ಬ್ರೂಸ್ ಸತ್ತ ಮೇಲೆ ಅವನ ಹೃದಯವನ್ನು ಜೇಮ್ಸ್ ಡಗ್ಲಸ್ ಎಂಬ ಗೆಳೆಯ ಧರ್ಮಯುದ್ಧಕ್ಕೆಂದು ಹೊತ್ತು ಹೋದ, 1330ರಲ್ಲಿ ಸ್ಪೇನಿನ ಟೇಬಾದಲ್ಲಿ ಹೋರಾಡಿ ಸತ್ತ. ಹೃದಯ ಊರಿಗೆ ಮರಳಿ ಮೆಲ್‌ರೋಸ್ ಮಠದ ನೆಲ ಸೇರಿತು. ಆ ಧೀರ ಹೃದಯದ ಹೆಸರನ್ನೂ ತಂದು ವಾಲೆಸ್‌ಗೇ ಕೊಟ್ಟುಬಿಟ್ಟರು. ಒಬ್ಬನೇ ಒಬ್ಬನನ್ನು ದೊಡ್ಡವನನ್ನಾಗಿ ಮಾಡಲು ಎಷ್ಟು ಜನರಿಂದ ಕಿತ್ತುಕೊಳ್ಳಬೇಕು?

ಹಾಗಂತ ಮೆಲ್ ಗಿಬ್ಸನ್ ಮಾಡಿದ್ದೆಲ್ಲಾ ನೀರಲ್ಲಿ ಹೋಮ ಅನ್ನಲಾರೆ. 1995ರ ಚಿತ್ರಗಳಿಗೆ ಕೊಟ್ಟ ಆಸ್ಕರ್‌ನಲ್ಲಿ ಅದಕ್ಕೆ ಬಂದದ್ದು ಐದು, ಅತ್ಯುತ್ತಮ ಚಿತ್ರವೂ ಸೇರಿ. ಆ ಮರ್ಯಾದೆ ಅದಕ್ಕೆ ಸಲ್ಲಬೇಕು. ಅಪ್ಪನನ್ನು ಮಣ್ಣು ಮಾಡಿ ಎಲ್ಲರೂ ಹೊರಡುವಾಗ ಪುಟ್ಟ ಹುಡುಗಿಯೊಬ್ಬಳು ತಿರುಗಿ ಬಂದು ಮುಳ್ಳುಗಿಡದ ಒಂದು ಹೂ ಕಿತ್ತು ಹುಡುಗ ವಾಲೆಸ್‌ನ ಕೈಗೆ ಕೊಡುತ್ತಾಳೆ. ಮಾತಿಲ್ಲ. ಜೇಮ್ಸ್ ಹಾರ್ನರ್ ಸಂಗೀತ ಮಾತ್ರ. ಈ ಸಲವೂ ಅಲ್ಲಿ ನನ್ನ ಗಂಟಲು ಕಟ್ಟಿತು. ಫಾಲ್ಕರ್ಕ್‌ನಲ್ಲಿ ಹೆಲ್ಮೆಟ್ ಕಳಚಿ ಎದುರಿಗಿರುವವನು ಬ್ರೂಸ್ ಎಂದು ಗೊತ್ತಾದಾಗ ವಾಲೆಸ್ ಎಲ್ಲಾ ಶಕ್ತಿ ಹೋದವನ ಹಾಗೆ ಮಲಗಿಬಿಡುವುದನ್ನು ಮರೆಯೋಕಾಗಲ್ಲ. ಬ್ರೂಸ್ ಆ ದಿನ ಇಂಗ್ಲಿಷರ ಕಡೆ ಇದ್ದ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೂ ನಂಬಿದವನು ಕೈಬಿಟ್ಟಾಗ ಆಗುವ ನೋವು ಆ ಮುಖದಲ್ಲಿ ನಿಜವಾಗಿಯೇ ಇದೆ. ಇಷ್ಟು ಚೆನ್ನಾಗಿ ತೋರಿಸಬಲ್ಲವರಿಗೆ ಆ ಸೇತುವೆ ಸಿಕ್ಕಿದ್ದರೆ ಏನು ಮಾಡಬಹುದಿತ್ತು ಎಂಬುದೇ ನನ್ನ ಹಳಹಳಿ.

ಸಿನಿಮಾ ಬಂದ ಎರಡು ವರ್ಷಕ್ಕೆ, 1997ರ ಸೆಪ್ಟೆಂಬರ್ 11ರಂದು, ಸ್ಕಾಟ್ಲೆಂಡಿನ ಜನ ತಮ್ಮದೇ ಪಾರ್ಲಿಮೆಂಟ್ ಬೇಕು ಎಂದು ಮತ ಹಾಕಿದರು. ಸೇತುವೆ ಯುದ್ಧಕ್ಕೆ ಸರಿಯಾಗಿ 700 ವರ್ಷ ತುಂಬಿದ ದಿನ. ಎಡಿನ್‌ಬರೋದಲ್ಲಿರುವ ಅದೇ ಪಾರ್ಲಿಮೆಂಟ್ ಕಟ್ಟಡದಲ್ಲಿ 2012ರ ಆಗಸ್ಟ್‌ನಲ್ಲಿ ಒಂದು ಕಾಗದ ಪ್ರದರ್ಶನಕ್ಕಿಟ್ಟಿದ್ದರು. ಜರ್ಮನಿಯ ಲ್ಯೂಬೆಕ್ ಊರಿನಿಂದ ತಂದದ್ದು. ಕೆಲಸ ಮುಗಿಸಿ ಸಂಜೆ ಓಡಿ ಹೋಗಿ ನೋಡಿದೆ.

ಗಾಜಿನ ಹಿಂದೆ ಮಬ್ಬು ಬೆಳಕು. ಚರ್ಮದ ಹಾಳೆ, ಒತ್ತೊತ್ತಾಗಿ ಬರೆದ ಲ್ಯಾಟಿನ್ ಸಾಲುಗಳು, ಕೆಳಗೆ ಮೇಣದ ಮುದ್ರೆ. ಮುದ್ರೆಯ ಹಿಂಬದಿಯಲ್ಲಿ ಬಿಲ್ಲು ಬಾಣ, ಅಲನ್ ಮಗ ವಿಲಿಯಂ ಎಂಬ ಬರಹ. ಲಾವಣಿಯಲ್ಲೂ ಸಿನಿಮಾದಲ್ಲೂ ವಾಲೆಸ್‌ನ ಅಪ್ಪನ ಹೆಸರು ಮಾಲ್ಕಂ ಎಂದಿದೆ. ಅವನೇ ಒತ್ತಿಸಿದ ಮುದ್ರೆ ಮಾತ್ರ ಅಲನ್ ಅನ್ನುತ್ತದೆ. ಆ ಬಿಲ್ಲನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಷ್ಟು ದೊಡ್ಡ ಕತ್ತಿ ಹಿಡಿಸಿದ್ದೇವಲ್ಲಾ ಅವನ ಕೈಗೆ, ಅವನು ತನಗೆಂದು ಆರಿಸಿಕೊಂಡ ಗುರುತು ಬಿಲ್ಲು.

ಕಾಗದದ ತಾರೀಖು 1297ರ ಅಕ್ಟೋಬರ್ 11, ಬರೆದ ಊರು ಹ್ಯಾಡಿಂಗ್ಟನ್. ಯುದ್ಧ ಗೆದ್ದು ಸರಿಯಾಗಿ ಒಂದು ತಿಂಗಳು. ಬರೆದಿರುವುದು ಲ್ಯೂಬೆಕ್ ಮತ್ತು ಹ್ಯಾಂಬರ್ಗ್ ಊರಿನವರಿಗೆ. ದೇವರ ದಯೆಯಿಂದ ಸ್ಕಾಟ್ಲೆಂಡ್ ರಾಜ್ಯವನ್ನು ಯುದ್ಧ ಮಾಡಿ ಇಂಗ್ಲಿಷರಿಂದ ಬಿಡಿಸಿಕೊಂಡಿದ್ದೇವೆ, ನಮ್ಮ ಬಂದರುಗಳಿಗೆಲ್ಲಾ ನಿಮ್ಮ ವ್ಯಾಪಾರಿಗಳು ಸರಕು ತೆಗೆದುಕೊಂಡು ನಿರ್ಭಯವಾಗಿ ಬರಬಹುದು ಎಂದು ಹೇಳಿದ್ದಾರೆ. ಕೊನೆಗೆ ಮನೆಯವರ ಕಾಗದದಲ್ಲಿ ಇರುತ್ತಲ್ಲ, ಹಾಗೆ ಒಂದು ಸಣ್ಣ ಮಾತು. ಜಾನ್ ಬರ್ನೆಟ್, ಜಾನ್ ಫ್ರೆರ್ ಎಂಬ ನಮ್ಮ ಇಬ್ಬರು ವ್ಯಾಪಾರಿಗಳು ಇದ್ದಾರೆ, ಅವರ ಕೆಲಸಕ್ಕೆ ಸ್ವಲ್ಪ ನೆರವಾಗಿ ಅಂತ.

ಗೆದ್ದು ಒಂದು ತಿಂಗಳಾಗಿತ್ತು. ಇಬ್ಬರಲ್ಲಿ ಒಬ್ಬ ಸಾಯುವ ದಾರಿಯಲ್ಲಿದ್ದ. ಆಗ ಅವರಿಗೆ ನೆನಪಾದದ್ದು ಬಂದರು, ಹಡಗು, ಉಣ್ಣೆ, ಎರಡು ಜನ ವ್ಯಾಪಾರಿಗಳ ಹೊಟ್ಟೆಪಾಡು.

ಪಕ್ಕದಲ್ಲಿದ್ದ ಇಂಗ್ಲಿಷ್ ಅನುವಾದವನ್ನು ಮತ್ತೆ ಮೊದಲಿಂದ ಓದಿದೆ. ಕಾಗದ ಬರೆದವರ ಹೆಸರಿನಿಂದಲೇ ಅದು ಶುರುವಾಗುತ್ತದೆ. ಸ್ಕಾಟ್ಲೆಂಡ್ ಸೇನೆಯ ನಾಯಕರು ಎಂದು ಇಬ್ಬರ ಹೆಸರಿದೆ. ವಾಲೆಸ್ ಎರಡನೆಯವನು. ಮೊದಲ ಹೆಸರು ಆ್ಯಂಡ್ರೂ ಮರ್ರೆ.