ಟೋಪಿ ಚೆನ್ನಾಗಿದೆ, ಒಂದು ಫೋಟೋ ತೆಗೆಯಲಾ?

ರೈಲು ಕಾಯುತ್ತಾ ಬೆಂಚಿನ ಮೇಲೆ ಒಬ್ಬರು ವಯಸ್ಸಾದ ಯಜಮಾನರು ಕೂತಿದ್ದರು. ಹತ್ತಿರ ಹೋಗಿ, "ಯಜಮಾನ್ರೇ, ನಿಮ್ಮ ಟೋಪಿ ತುಂಬಾ ಚೆನ್ನಾಗಿದೆ. ಒಂದು ಫೋಟೋ ತೆಗೆಯಲಾ?" ಅಂತ ಕೇಳಿದೆ. ಅವರು ನನ್ನ ಮುಖ ನೋಡಿದರು, ಕ್ಯಾಮೆರಾ ನೋಡಿದರು. ಆಮೇಲೆ ಟೋಪಿ ತೆಗೆದು ನನ್ನ ಕೈಗೇ ಕೊಟ್ಟುಬಿಟ್ಟರು. "ತಗೋಪ್ಪಾ, ನಿಧಾನಕ್ಕೆ ತೆಗಿ. ರೈಲಿಗೆ ಇನ್ನೂ ಹೊತ್ತಿದೆ" ಅಂದರು.

ನನಗೆ ಬೇಕಾಗಿದ್ದದ್ದು ಅವರ ಫೋಟೋ. ಅವರಿಗೆ ಕೇಳಿಸಿದ್ದು ಟೋಪಿಯ ಫೋಟೋ. ನಾನು ಕೇಳಿದ್ದೇ ಹಾಗಿತ್ತಲ್ಲ!

ಕೈಗೆ ಬಂದ ಟೋಪಿಯನ್ನು ತಿರುಗಿಸಿ ನೋಡಿದೆ. ಕಂದು ಬಣ್ಣದ ಫೆಲ್ಟ್ ಹ್ಯಾಟು. ಮುಂದಿನ ಅಂಚಿನಲ್ಲಿ ಎರಡು ಬೆರಳು ಕೂರುವಷ್ಟು ಜಾಗ ಬಣ್ಣ ಹೋಗಿ ನುಣುಪಾಗಿತ್ತು. ಒಳಗೆ ಸುತ್ತಲೂ ಹೊಲಿದ ಚರ್ಮದ ಪಟ್ಟಿ ಬೆವರು ಕುಡಿದು ಕಪ್ಪಗಾಗಿತ್ತು. ಆ ಪಟ್ಟಿಯ ಹಿಂದೆ ಪೇಪರಿನ ಒಂದು ಉದ್ದ ಮಡಿಕೆ ಸಿಕ್ಕಿಸಿದ್ದರು. ಹಳದಿಗಟ್ಟಿದ ನ್ಯೂಸ್ ಪೇಪರ್. ಅಕ್ಷರಗಳು ಅರ್ಧರ್ಧ ಕಾಣುತ್ತಿದ್ದವು.

"ಅದು ನಮ್ಮಣ್ಣಂದು. ಅವನ ತಲೆ ದೊಡ್ಡದಿತ್ತು. ಪೇಪರ್ ಇಡದಿದ್ರೆ ನಂಗೆ ಕಿವಿ ತನಕ ಇಳಿಯುತ್ತೆ" ಅಂದರು.

ಟೋಪಿಯನ್ನು ಬೆಂಚಿನ ಮೇಲಿಟ್ಟು, ಒಳಗಿನ ಪೇಪರ್ ಕಾಣುವ ಹಾಗೆ ಒಂದು ಫೋಟೋ ತೆಗೆದೆ. ಆಮೇಲೆ, "ಈಗ ಹಾಕಿಕೊಳ್ಳಿ, ನಿಮ್ಮದೂ ಒಂದು ತೆಗೀತೀನಿ" ಅಂದೆ. ಹಾಕಿಕೊಂಡು, ಎರಡು ಬೆರಳಿನಿಂದ ಅಂಚು ಹಿಡಿದು ಸರಿ ಮಾಡಿಕೊಂಡರು. ಬೆರಳು ಹೋಗಿ ಕೂತದ್ದು ಆ ನುಣುಪಾದ ಜಾಗದಲ್ಲೇ.

ಸುಮಾರು ಎಂಟು ವರ್ಷದಿಂದ ನಾನು ಗುರುತಿಲ್ಲದವರ ಫೋಟೋ ತೆಗೆಯುತ್ತಿದ್ದೇನೆ. ಅದರಲ್ಲೂ ಟೋಪಿ ಹಾಕಿದವರದ್ದೇ ಜಾಸ್ತಿ. ಟೋಪಿಯೇ ಯಾಕೆ ಅಂತ ಕೇಳುವವರಿದ್ದಾರೆ. ಅಂಗಿಯನ್ನು ಎಲ್ಲರೂ ಹಾಕಲೇಬೇಕು. ಟೋಪಿ ಹಾಗಲ್ಲ ಅಲ್ವಾ? ಇಲ್ಲದಿದ್ದರೂ ನಡೆಯುತ್ತದೆ. ಆದರೂ ಮನೆಯಿಂದ ಹೊರಡುವಾಗ ಬೇಕು ಅಂತಲೇ ತಲೆ ಮೇಲೆ ಇಟ್ಟುಕೊಂಡಿರುತ್ತಾರೆ. ಬಿಸಿಲಿಗೋ, ಚಳಿಗೋ, ಕೆಲಸಕ್ಕೋ, ದೇವರಿಗೋ, ಉದುರಿದ ಕೂದಲು ಮುಚ್ಚುವುದಕ್ಕೋ, ಸುಮ್ನೆ ಚೆಂದಕ್ಕೋ. ಏನೋ ಒಂದು ಕಾರಣ ಇದ್ದೇ ಇರುತ್ತದೆ. ಆ ಕಾರಣ ದೂರದಿಂದ ಗೊತ್ತಾಗುವುದಿಲ್ಲ.

ಮೊದಮೊದಲು ನಾನು ದೂರದಿಂದಲೇ ತೆಗೆಯುತ್ತಿದ್ದೆ. ಉದ್ದದ ಜೂಮ್ ಲೆನ್ಸ್ ಹಾಕಿಕೊಂಡು ರಸ್ತೆಯ ಆ ಬದಿ ನಿಲ್ಲುತ್ತಿದ್ದೆ. ಒಂದು ಸಂಜೆ, ನಿಂತ ಬಸ್ಸಿನ ಕಿಟಕಿಯಲ್ಲಿ ಕೆಂಪು ಉಲ್ಲನ್ ಟೋಪಿಯ ಹುಡುಗಿಯೊಬ್ಬಳು ಕಂಡಳು. ಮೂರು ಫೋಟೋ ತೆಗೆದೆ. ಮೊದಲನೆಯದರಲ್ಲಿ ಎಲ್ಲೋ ನೋಡುತ್ತಿದ್ದಾಳೆ. ಎರಡನೆಯದರಲ್ಲಿ ನನ್ನನ್ನು ನೋಡಿದ್ದಾಳೆ. ಮೂರನೆಯದರಲ್ಲಿ ಎರಡೂ ಕೈಯಿಂದ ಟೋಪಿಯನ್ನು ಕಣ್ಣು ಮುಚ್ಚುವಷ್ಟು ಕೆಳಗೆ ಎಳೆದುಕೊಂಡಿದ್ದಾಳೆ. ಬೈಯಲಿಲ್ಲ, ಕೈ ಅಡ್ಡ ಹಿಡಿಯಲಿಲ್ಲ. ಬಸ್ಸು ಹೊರಟುಹೋಯಿತು. ಮನೆಗೆ ಬಂದು ಮೂರನ್ನೂ ಅಳಿಸಿದೆ. ಆ ಟೋಪಿ ಎಳೆದುಕೊಂಡ ಕೈಗಳು ಮಾತ್ರ ಇವತ್ತಿಗೂ ನೆನಪಿವೆ. ಆಮೇಲೆ ಆ ಲೆನ್ಸನ್ನು ಈ ಕೆಲಸಕ್ಕೆ ಬಳಸಿಲ್ಲ.

ಕೇಳಿ ತೆಗೆದರೆ ಫೋಟೋ ಕೆಡುತ್ತದೆ, ಜನ ಬಿಗಿಯಾಗಿಬಿಡುತ್ತಾರೆ ಅನ್ನುವುದು ಫೋಟೋ ತೆಗೆಯುವವರ ನಡುವೆ ಹಳೇ ಮಾತು. ನಾನೂ ಅದನ್ನು ನಂಬಿದ್ದೆ. ಈಗ ನಂಬುವುದಿಲ್ಲ. ಜರ್ಮನಿಯ ಫೋಟೋಗ್ರಾಫರ್ ಆಗಸ್ಟ್ ಸ್ಯಾಂಡರ್ 1914ರಲ್ಲಿ ಮೂವರು ಹುಡುಗರ ಫೋಟೋ ತೆಗೆದರು, ಅದು 'ಯುವ ರೈತರು' ಅಂತ ಹೆಸರಾಯಿತು. ಮೂವರೂ ಡ್ಯಾನ್ಸಿಗೆ ಅಂತ ಸೂಟು ಹಾಕಿ, ಕೈಯಲ್ಲಿ ಕೋಲು ಹಿಡಿದು, ತಲೆಗೆ ಹ್ಯಾಟು ಇಟ್ಟುಕೊಂಡು ಮಣ್ಣಿನ ದಾರಿಯಲ್ಲಿ ಹೊರಟವರು. ಸ್ಯಾಂಡರ್ ಅವರದ್ದು ಫಿಲ್ಮಿನ ಬದಲು ಗಾಜಿನ ಪ್ಲೇಟು ಹಾಕುವ ದೊಡ್ಡ ಕ್ಯಾಮೆರಾ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತೆಗೆಯಬೇಕು. ಕದ್ದು ತೆಗೆಯುವ ಮಾತೇ ಇಲ್ಲ. ಹುಡುಗರು ನಿಂತು, ತಿರುಗಿ, ನೇರವಾಗಿ ನೋಡಿದ್ದಾರೆ. ಮೂರು ಹ್ಯಾಟೂ ಒಂದೇ ಥರದವು, ಆದರೆ ಇಟ್ಟುಕೊಂಡ ರೀತಿ ನೋಡಿ. ಒಬ್ಬನದ್ದು ವಾರೆಯಾಗಿದೆ, ಅವನ ಬಾಯಲ್ಲಿ ಸಿಗರೇಟು. ಅದೇ ವರ್ಷ ಮೊದಲ ಮಹಾಯುದ್ಧ ಶುರುವಾಯಿತು. ತಮ್ಮನ್ನು ನೋಡುವವರಿದ್ದಾರೆ ಅಂತ ಈ ಹುಡುಗರಿಗೆ ಗೊತ್ತಿತ್ತು. ಹೀಗೇ ಕಾಣಬೇಕು ಅಂತ ಅವರೇ ನಿಂತರು. ಅದರಲ್ಲಿ ಬಿಗಿ ಇದ್ದರೆ ಇರಲಿ. ಅದೂ ಅವರದ್ದೇ.

ಇದಕ್ಕೆ ಪೂರ್ತಿ ವಿರುದ್ಧ ದಾರಿ ಅಮೆರಿಕದ ಫೋಟೋಗ್ರಾಫರ್ ವಾಕರ್ ಇವಾನ್ಸ್ ಅವರದ್ದು. 1938ರಿಂದ 1941ರ ನಡುವೆ ನ್ಯೂಯಾರ್ಕಿನ ಸಬ್‌ವೇ, ಅಂದರೆ ನೆಲದಡಿಯ ರೈಲುಗಳಲ್ಲಿ ಕೂತು, ಕೋಟಿನೊಳಗೆ ಕ್ಯಾಮೆರಾ ಬಚ್ಚಿಟ್ಟುಕೊಂಡು ತೆಗೆದರು. ಲೆನ್ಸು ಗುಂಡಿಗಳ ನಡುವಿಂದ ಇಣುಕುತ್ತಿತ್ತು. ಶಟರ್ ಒತ್ತುವ ವೈರು ತೋಳಿನೊಳಗಿಂದ ಕೈಗೆ ಬರುತ್ತಿತ್ತು. ಕ್ಯಾಮೆರಾದ ಹೊಳೆಯುವ ಭಾಗಗಳಿಗೆ ಕಪ್ಪು ಬಳಿದಿದ್ದರು. ಎದುರು ಸೀಟಿನಲ್ಲಿ ಕೂತವರು ಹೆಚ್ಚಿನವರು ಹ್ಯಾಟಿನವರೇ, ಆ ಕಾಲವೇ ಹಾಗಿತ್ತು. ಮುಖಗಳು ಅದ್ಭುತವಾಗಿವೆ, ಅದನ್ನು ಇಲ್ಲ ಅನ್ನಲಾರೆ. ಆದರೆ ಆ ಫೋಟೋಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ. ಇಪ್ಪತ್ತೈದು ವರ್ಷ ಕಾದರು! ನಾವು ಬಸ್ಸಿನಲ್ಲಿ ಯಾರದ್ದೋ ಫೋಟೋ ತೆಗೆದು, ಇಳಿಯುವ ಮೊದಲೇ ಫೋನಿನಿಂದ ಸಾವಿರ ಜನಕ್ಕೆ ಕಳಿಸಿರುತ್ತೇವೆ.

ಹಾಗಂತ ಪ್ರತಿ ಸಲ ಮೊದಲು ಕೇಳಲೇಬೇಕು ಅಂತ ನಾನು ಹೇಳುತ್ತಿಲ್ಲ. ಕೆಲವು ಫೋಟೋ ಕೇಳಲು ಹೋದರೆ ಇರುವುದೇ ಇಲ್ಲ. ಅಮೆರಿಕದ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1907ರಲ್ಲಿ ಹಡಗಿನಲ್ಲಿ ಯುರೋಪಿಗೆ ಹೋಗುತ್ತಿದ್ದರು. ಮೇಲಿನ ದರ್ಜೆಯ ಡೆಕ್ಕಿನಿಂದ ಬಗ್ಗಿ ನೋಡಿದರೆ ಕಡಿಮೆ ಟಿಕೆಟ್ಟಿನ ಜನ ಕಿಕ್ಕಿರಿದಿದ್ದರು. ಸ್ಟೀಗ್ಲಿಟ್ಸ್ ಕಣ್ಣಿಗೆ ಮೊದಲು ಬಿದ್ದವುಗಳಲ್ಲಿ ಒಂದು, ಕಂಬಿಗೆ ಒರಗಿ ಕೆಳಗೆ ನೋಡುತ್ತಿದ್ದ ಯುವಕನ ದುಂಡನೆಯ ಒಣಹುಲ್ಲಿನ ಹ್ಯಾಟು. ಕ್ಯಾಮೆರಾ ಕೋಣೆಯಲ್ಲಿತ್ತು. ಓಡಿಹೋಗಿ ತಂದರು. ಉಳಿದಿದ್ದದ್ದು ಒಂದೇ ಪ್ಲೇಟು. ಬರುವಷ್ಟರಲ್ಲಿ ಆ ಹ್ಯಾಟು ಅಲ್ಲಾಡಿದ್ದರೆ ಎಲ್ಲ ಮುಗಿದಂತೆ ಅಂತ ಎದೆ ಹೊಡೆದುಕೊಂಡದ್ದನ್ನು ಅವರೇ ಬರೆದಿದ್ದಾರೆ. ಹ್ಯಾಟು ಅಲ್ಲೇ ಇತ್ತು. ಇವತ್ತಿಗೂ ಆ ಫೋಟೋದಲ್ಲಿ ನಮ್ಮ ಕಣ್ಣು ಮೊದಲು ಹೋಗುವುದು ಆ ಬಿಳೀ ದುಂಡಿಗೇ.

ಅಮೆರಿಕದವರೇ ಆದ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ 1933ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದ ಫೋಟೋ ನನಗೆ ಇನ್ನೂ ಹತ್ತಿರದ್ದು. ಕೆಲಸ ಕಳೆದುಕೊಂಡವರು ಬ್ರೆಡ್ಡಿಗಾಗಿ ಸಾಲು ನಿಂತಿದ್ದಾರೆ. ಎಲ್ಲರೂ ಅತ್ತ ತಿರುಗಿದ್ದಾರೆ. ಒಬ್ಬ ಮಾತ್ರ ಇತ್ತ ತಿರುಗಿ ಕಟಕಟೆಗೆ ಒರಗಿದ್ದಾನೆ. ಕೈ ಜೋಡಿಸಿಕೊಂಡಿದ್ದಾನೆ, ತೋಳುಗಳ ನಡುವೆ ಖಾಲಿ ತಗಡಿನ ಡಬ್ಬ. ಹಳೇ ಕೊಳಕು ಹ್ಯಾಟು ಕಣ್ಣನ್ನು ಪೂರ್ತಿ ಮುಚ್ಚಿದೆ. ಮುಚ್ಚಿದ ಬಾಯಿ, ಗಡ್ಡ, ಅಷ್ಟೇ ಕಾಣುವುದು. ಅವನನ್ನು ಯಾರೂ ಗುರುತು ಹಿಡಿಯಲಾರರು. ಹಸಿದು ನಿಂತವನ ಮಾನವನ್ನು ಆ ಹ್ಯಾಟೇ ಕಾಪಾಡಿದೆ. ಇಂಥ ಕಡೆ ನಾನಾಗಿದ್ದರೂ ಕ್ಯಾಮೆರಾ ಎತ್ತುತ್ತಿದ್ದೆನೇನೋ. ಹ್ಯಾಟಿನ ಅಂಚಿನ ಕೆಳಗೆ ತೂರಿ ಕಣ್ಣು ತೆಗೆಯಲು ಮಾತ್ರ ಹೋಗುತ್ತಿರಲಿಲ್ಲ.

ಕಾನೂನಿನ ವಿಷಯಕ್ಕೆ ಬಂದರೆ ದೇಶಕ್ಕೊಂದು ಥರ. ಫಿಲಿಪ್ ಲೋರ್ಕಾ ಡಿಕೋರ್ಸಿಯಾ ಅನ್ನುವ ಫೋಟೋಗ್ರಾಫರ್ 1999ರಿಂದ 2001ರ ನಡುವೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಮೇಲೆ ಫ್ಲ್ಯಾಶ್ ಕಟ್ಟಿ, ದೂರ ನಿಂತು, ನಡೆದುಹೋಗುವವರ ಫೋಟೋ ತೆಗೆದರು. ಅದರಲ್ಲೊಬ್ಬರು ಕಪ್ಪು ಹ್ಯಾಟು, ಬಿಳಿ ಗಡ್ಡದ ಸಂಪ್ರದಾಯಸ್ಥ ಯಹೂದಿ ಹಿರಿಯರು. ಫೋಟೋ 20,000 ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅವರಿಗೆ ಗೊತ್ತಾದದ್ದು ವರ್ಷಗಳ ನಂತರ. ತಮ್ಮ ಧರ್ಮಕ್ಕೇ ಇದು ವಿರುದ್ಧ ಅಂತ ಕೋರ್ಟಿಗೆ ಹೋದರು. 2006ರಲ್ಲಿ ಕೋರ್ಟು, ಇದು ಕಲೆ, ವಾಕ್ ಸ್ವಾತಂತ್ರ್ಯದೊಳಗೆ ಬರುತ್ತದೆ ಅಂತ ಕೇಸು ವಜಾ ಮಾಡಿತು. ಕೆನಡಾದಲ್ಲಿ ಬೇರೆಯೇ ಆಯಿತು. ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಮೆಟ್ಟಿಲ ಮೇಲೆ ಕೂತಿದ್ದ 17 ವರ್ಷದ ಹುಡುಗಿಯ ಫೋಟೋವನ್ನು ಕೇಳದೆ ಪತ್ರಿಕೆಯಲ್ಲಿ ಹಾಕಿದ್ದಕ್ಕೆ 2,000 ಡಾಲರ್ ಪರಿಹಾರ ಸರಿ ಅಂತ 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಹೇಳಿತು. ಜರ್ಮನಿಯಲ್ಲಂತೂ 1907ರಿಂದಲೇ ಒಬ್ಬರ ಚಿತ್ರವನ್ನು ಹಂಚಲು ಅವರ ಒಪ್ಪಿಗೆ ಬೇಕು ಅನ್ನುವ ಕಾನೂನಿದೆ.

ಆ ಕಪ್ಪು ಹ್ಯಾಟಿನ ಹಿರಿಯರ ವಿಷಯ ನನ್ನನ್ನು ಬಹಳ ಕಾಡುತ್ತದೆ. ಫೋಟೋ ನಿಜಕ್ಕೂ ಚೆನ್ನಾಗಿದೆ. ಕತ್ತಲೆಯಿಂದ ಆ ಮುಖ ಎದ್ದು ಬರುತ್ತದೆ. ಆದರೆ ಚಿತ್ರಕ್ಕೆ ಅಷ್ಟು ತೂಕ ಬಂದದ್ದು ಆ ಹ್ಯಾಟಿನಿಂದ. ಅವರು ಆ ಹ್ಯಾಟು ಹಾಕುತ್ತಿದ್ದದ್ದು ತಮ್ಮ ನಂಬಿಕೆಗಾಗಿ. ಅದೇ ನಂಬಿಕೆ ಈ ಥರದ ಚಿತ್ರ ಬೇಡ ಅನ್ನುತ್ತದೆ. ಕೋರ್ಟು ಸರಿ ಅಂದರೂ ನನಗೆ ಸರಿ ಅನ್ನಿಸುವುದಿಲ್ಲ. ಹ್ಯಾಟು ನಮಗೆ ಬೇಕು, ಹ್ಯಾಟಿನ ಕಾರಣ ಬೇಡ ಅಂದರೆ ಹೇಗೆ?

ಕೇಳಲು ಹೆದರುವವರಿಗೆ ನಾನು ಕಂಡುಕೊಂಡದ್ದು ಇಷ್ಟೇ. ಟೋಪಿಯಿಂದ ಮಾತು ಶುರು ಮಾಡಿ. "ನಿಮ್ಮ ಫೋಟೋ ತೆಗೆಯಲಾ" ಅಂದರೆ ಯಾರಿಗಾದರೂ ಗಾಬರಿ ಆಗುತ್ತದೆ. ಯಾಕೆ, ಎಲ್ಲಿಗೆ ಅಂತ ನೂರು ಅನುಮಾನ. ಟೋಪಿಯ ಬಗ್ಗೆ ಕೇಳಿದರೆ ಮುಖ ಅರಳುತ್ತದೆ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಅಂತ ಅವರೇ ಹೇಳುತ್ತಾರೆ. ಹೇಳುವಾಗ ಕೈ ತಾನಾಗಿ ಟೋಪಿಗೆ ಹೋಗುತ್ತದೆ. ಫೋಟೋ ಇರುವುದು ಅಲ್ಲಿ. ಬೇಡ ಅಂದರೆ "ಪರವಾಗಿಲ್ಲ" ಅಂತ ನಕ್ಕು ಮುಂದೆ ಹೋಗಿ. ಇನ್ನೊಂದು ಸಲ ಒತ್ತಾಯ ಮಾಡಬೇಡಿ.

ಬೆಳಕಿನ ವಿಷಯದಲ್ಲಿ ಟೋಪಿ ಸ್ವಲ್ಪ ಕಷ್ಟವೇ. ನಡು ಮಧ್ಯಾಹ್ನ ಅಗಲ ಅಂಚಿನ ಹ್ಯಾಟಿನ ಕೆಳಗೆ ಕಣ್ಣು ಗುಹೆಯ ಹಾಗೆ ಕಾಣುತ್ತದೆ. ಆಗ "ಟೋಪಿ ಸ್ವಲ್ಪ ಹಿಂದೆ ಸರಿಸಿ" ಅನ್ನುವುದು ಸುಲಭ. ಅದನ್ನು ನಾನು ಮಾಡುವುದಿಲ್ಲ. ಅವರು ಇಟ್ಟುಕೊಂಡ ವಾರೆಯೇ ಅವರ ಗುರುತು. ಸರಿಯಬೇಕಾದವರು ನಾವು. ಬಿಳೀ ಗೋಡೆಯ ಎದುರೋ, ತಿಳಿ ಬಣ್ಣದ ನೆಲದ ಮೇಲೋ ಬರುವ ತನಕ ಕಾದರೆ ಎದುರಿನಿಂದಲೋ ಕೆಳಗಿನಿಂದಲೋ ಬೆಳಕು ಪುಟಿದು ಮುಖಕ್ಕೆ ಬರುತ್ತದೆ. ಮಂಡಿ ಊರಿ ಕೂತರೂ ಆಯಿತು. ಕಪ್ಪು ಟೋಪಿ ಫ್ರೇಮಿನಲ್ಲಿ ಜಾಸ್ತಿ ಜಾಗ ಹಿಡಿದರೆ ಕ್ಯಾಮೆರಾ ಮೋಸ ಹೋಗಿ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಬಿಳೀ ಟೋಪಿಯಾದರೆ ಮುಖ ಕಪ್ಪಿಡುತ್ತದೆ. ಹಾಗಾಗಿ ಬೆಳಕನ್ನು ಕೆನ್ನೆಯ ಮೇಲೆ ಅಳೆಯಬೇಕು.

ವಿವಿಯನ್ ಮೇಯರ್ ಅವರ ಫೋಟೋಗಳನ್ನು ನೋಡಿದರೆ ಹೀಗೆ ಕೆಳಗಿನಿಂದ ತೆಗೆಯುವುದರ ಗುಣ ಗೊತ್ತಾಗುತ್ತದೆ. ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸು. ಕತ್ತಿಗೆ ತೂಗಿದ ರೋಲಿಫ್ಲೆಕ್ಸ್ ಕ್ಯಾಮೆರಾವನ್ನು ಸೊಂಟದ ಹತ್ತಿರ ಹಿಡಿದು, ತಲೆ ಬಗ್ಗಿಸಿ ನೋಡಿ ತೆಗೆಯುತ್ತಿದ್ದರು. ಎದುರಿಗಿದ್ದವರ ಹ್ಯಾಟು ಆಕಾಶಕ್ಕೆ ಎದ್ದು ನಿಲ್ಲುತ್ತದೆ, ಅಂಚಿನ ಕೆಳಗಿನ ಮುಖವೂ ಕಾಣುತ್ತದೆ. ಅವರೂ ಅಗಲ ಹ್ಯಾಟು ಹಾಕುತ್ತಿದ್ದರು. ತಮ್ಮ ಹ್ಯಾಟಿನ ನೆರಳು ನೆಲದ ಮೇಲೆ ಬಿದ್ದದ್ದನ್ನೇ ಎಷ್ಟೋ ಸಲ ತೆಗೆದಿದ್ದಾರೆ. ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿಟ್ಟು 2009ರಲ್ಲಿ ತೀರಿಕೊಂಡರು. ಬದುಕಿದ್ದಾಗ ಹೆಚ್ಚುಕಡಿಮೆ ಯಾರಿಗೂ ತೋರಿಸಿರಲಿಲ್ಲ.

ತೋರಿಸುವುದೇ ಬೇರೆ ವಿಷಯ. ಫೋಟೋ ತೆಗೆಯಲು ಒಪ್ಪಿದವರು ಹಂಚಲು ಒಪ್ಪಿದರು ಅಂತಲ್ಲ. ಅದನ್ನು ಬೇರೆಯಾಗಿ ಕೇಳಬೇಕು. ಹಂಚುವಾಗ ಬರೆಯುವ ಸಾಲು ಇದೆಯಲ್ಲ, ಅಲ್ಲೇ ದೊಡ್ಡ ಅನ್ಯಾಯ ಆಗುವುದು. ಹರಿದ ಟೋಪಿ ಕಂಡರೆ "ಬಡತನದ ಮುಖ" ಅಂತ ಬರೆಯುತ್ತಾರೆ. ಉಲ್ಲನ್ ಟೋಪಿಯ ಅಜ್ಜಿ ಕಂಡರೆ "ಒಂಟಿ ಬದುಕು" ಅನ್ನುತ್ತಾರೆ. ಅಜ್ಜಿಗೆ ಮನೆ ತುಂಬಾ ಮೊಮ್ಮಕ್ಕಳಿರಬಹುದು! ಮೋಸ ಮಾಡುವುದಕ್ಕೆ ನಾವು ಟೋಪಿ ಹಾಕುವುದು ಅನ್ನುತ್ತೇವೆ. ಗೊತ್ತಿಲ್ಲದವರ ಮೇಲೆ ಗೊತ್ತಿಲ್ಲದ ಕಥೆ ಕಟ್ಟುವುದೂ ಅದೇ. ಅವರು ಹಾಕಿಕೊಂಡ ಟೋಪಿಯ ಮೇಲೆ ನಮ್ಮದೊಂದು ಹಾಕಿದ ಹಾಗೆ.

ಬೆಂಚಿನ ಯಜಮಾನರು ಸೋಮವಾರ ಸೋಮವಾರ ಅದೇ ರೈಲಿಗೆ ಬರುತ್ತೇನೆ ಅಂದಿದ್ದರು. ಎರಡು ವಾರ ಬಿಟ್ಟು ಎರಡೂ ಫೋಟೋ ಪ್ರಿಂಟ್ ಹಾಕಿಸಿಕೊಂಡು ಹೋದೆ. ಅದೇ ಬೆಂಚು, ಅದೇ ಹ್ಯಾಟು. ಫೋಟೋಗಳನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಫೇಸ್‌ಬುಕ್ಕಿಗೆ ಹಾಕಲಾ ಅಂತ ಕೇಳಿದೆ. "ಟೋಪಿದು ಬೇಕಾದ್ರೆ ಹಾಕು. ನಂದು ಬೇಡ" ಅಂದರು. ಅದಕ್ಕೇ ಈ ಬರಹದ ಜೊತೆ ಇರುವುದು ಬರೀ ಟೋಪಿ.

ತಮ್ಮ ಫೋಟೋವನ್ನು ನನಗೇ ವಾಪಸ್ ಕೊಟ್ಟರು. ಪೇಪರಿನ ಮಡಿಕೆ ಕಾಣುವ ಟೋಪಿಯ ಫೋಟೋವನ್ನು ಜೇಬಿಗೆ ಇಟ್ಟುಕೊಂಡರು.

"ಇದನ್ನ ಅತ್ತಿಗೆಗೆ ತೋರಿಸ್ಬೇಕು" ಅಂದರು.